ನಿನ್ನೆಯ ಬೆಳಕು ಬೇಕಂತೆ

ನಾಟಕದ ನಿರ್ದೇಶಕರಿಗೆ ಇವತ್ತಿನ ಬೆಳಕು ಎಂದೂ ಹಿಡಿಸುವುದಿಲ್ಲ. ಅವರಿಗೆ ಬೇಕಾಗುವುದು ನಿನ್ನೆಯದು. ನಿನ್ನೆ ಅದನ್ನೇ ನೋಡಿ ಮೂಗು ಮುರಿದಿದ್ದರು ಅನ್ನೋದು ಬೇರೆ ಮಾತು. ತಾಲೀಮಿನ ನಡುವೆ ಕತ್ತಲಿನಿಂದ ದನಿ ಬರುತ್ತದೆ: "ಅಲ್ಲಪ್ಪಾ, ರಾಜ ಅಳೋವಾಗ ನಿನ್ನೆ ಒಂದು ಬೆಳಕು ಇತ್ತಲ್ಲ, ಅದೇ ಚೆನ್ನಾಗಿತ್ತು. ಅದನ್ನೇ ಹಾಕು." ಲೈಟಿಂಗ್ ಕನ್ಸೋಲ್, ಅಂದರೆ ದೀಪಗಳನ್ನೆಲ್ಲ ಆಡಿಸುವ ಯಂತ್ರದ ಮುಂದೆ ಕೂತವನ ಪಾಡು ಅಲ್ಲಿಂದ ಶುರು.

ನಿನ್ನೆಯ ಬೆಳಕು ಎಲ್ಲಿಗೂ ಹೋಗಿರುವುದಿಲ್ಲ, ನಿಜ. ಅದು ಶೋ ಫೈಲ್‌ನಲ್ಲಿದೆ, ಅಂದರೆ ಕನ್ಸೋಲ್ ಇಡೀ ನಾಟಕದ ಬೆಳಕನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿ. ಆದರೆ ಅಲ್ಲಿ ಅದು ಒಂದೇ ಇಲ್ಲ. ಯಾವ ದೀಪ ಯಾವ ಡಿಎಂಎಕ್ಸ್ ವಿಳಾಸದಲ್ಲಿದೆ (ಕನ್ಸೋಲ್ ಆಜ್ಞೆ ಕಳಿಸುವ ನಂಬರು) ಅನ್ನುವ ಪ್ಯಾಚ್, ಒಂದರ ಹಿಂದೊಂದು ಬರುವ ಕ್ಯೂಗಳು (ಒಂದೊಂದು ಸನ್ನಿವೇಶಕ್ಕೆ ಕೂಡಿಟ್ಟ ಬೆಳಕು), ಗುಂಪುಗಳು, ಬಣ್ಣಗಳು, ಫೇಡ್ ಆಗಲು ಹಿಡಿಯುವ ಸೆಕೆಂಡುಗಳು, ಎಲ್ಲವೂ ಒಂದೇ ಫೈಲ್‌ನಲ್ಲಿ ಒಟ್ಟಿಗೆ ಕೂತಿರುತ್ತವೆ. ನಿನ್ನೆಯ ಫೈಲ್ ಲೋಡ್ ಮಾಡಿದರೆ ನಿನ್ನೆ ಪೂರ್ತಿ ವಾಪಸ್ ಬರುತ್ತದೆ. ರಾಜನ ಅಳು ಮಾತ್ರ ಸಾಕು ಅಂದರೆ ಅದು ಕೇಳುವುದಿಲ್ಲ.

ಒಮ್ಮೆ ಹೀಗೇ ಆಯಿತು. ಬೆಳಗ್ಗೆ, ದೀಪದ ಪ್ರಕಾಶ ಏರಿಸಿ ಇಳಿಸುವ ಒಂದು ಡಿಮ್ಮರ್ ಕೈಕೊಟ್ಟಿತ್ತು. ರಾಜನ ಮೇಲೆ ಬೀಳುವ ಸ್ಪಾಟನ್ನು ಪಕ್ಕದ ಡಿಮ್ಮರ್‌ಗೆ ಬದಲಾಯಿಸಿ, ಪ್ಯಾಚ್ ತಿದ್ದಿ, ಎಲ್ಲ ಸರಿಮಾಡಿಟ್ಟಿದ್ದೆವು. ಸಂಜೆ ನಿರ್ದೇಶಕರ ಅಪ್ಪಣೆಯಾಯಿತು. ನಮ್ಮ ಹುಡುಗ ಕೇಳಿದ್ದೇ ತಡ, ನಿನ್ನೆಯ ಫೈಲ್ ಲೋಡ್ ಮಾಡಿ, ಕ್ಯೂ ಓಡಿಸುವ ಗೋ ಗುಂಡಿ ಒತ್ತಿದ. ಪ್ಯಾಚೂ ನಿನ್ನೆಯದಾಯಿತು, ರಾಜನ ಸ್ಪಾಟಿನ ಆಜ್ಞೆ ಕೆಟ್ಟ ಡಿಮ್ಮರ್‌ಗೇ ಹೋಯಿತು. ರಾಜ ಗಾಢ ಕತ್ತಲಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಸೈಡ್‌ವಿಂಗ್ ಬಾಗಿಲಲ್ಲಿ, ಕಣ್ಣು ಕುಕ್ಕುವ ಬೆಳಕಿನಲ್ಲಿ, ಸೇನಾಪತಿ ಅರ್ಧ ಮೀಸೆ ಅಂಟಿಸಿಕೊಂಡು ನಿಂತಿದ್ದ. ಇನ್ನರ್ಧ ಬೆರಳ ತುದಿಯಲ್ಲಿತ್ತು. ಅವನು ಅಷ್ಟು ಚೆನ್ನಾಗಿ ಕಂಡಿದ್ದು ಆ ನಾಟಕದಲ್ಲಿ ಅದೊಂದೇ ಸಲ.

ಈಗಿನ ಬಹಳಷ್ಟು ಕನ್ಸೋಲ್‌ಗಳಲ್ಲಿ ಹಳೆಯ ಫೈಲ್‌ನಿಂದ ಬೇಕಾದ ಕ್ಯೂ ಮಾತ್ರ ಎತ್ತಿಕೊಳ್ಳಬಹುದು, ಪ್ಯಾಚ್ ಮುಟ್ಟಬೇಕಾಗಿಲ್ಲ. ಹುಡುಗನಿಗೆ ಅದನ್ನು ತೋರಿಸಿದೆ. ಕ್ಯೂ ಬಂತು, ರಾಜ ಬೆಳಗಿದ. ನಿರ್ದೇಶಕರು ತಲೆ ಓರೆ ಮಾಡಿ ನೋಡಿದರು. "ಇದಲ್ಲ. ನಿನ್ನೇದು ಅಂದ್ರೆ ಮಧ್ಯಾಹ್ನದ್ದು."

ಮಧ್ಯಾಹ್ನದ್ದು ಯಾವುದು? ಹೆಸರು ನೋಡಿ ಹುಡುಕೋಣವೆಂದರೆ ಅಲ್ಲಿ 'ಫೈನಲ್' ಇದೆ, 'ಫೈನಲ್ ಹೊಸದು' ಇದೆ, 'ಸರ್ ಹೇಳಿದ್ದು' ಇದೆ, 'ಇದನ್ನ ತೆಗೀಬೇಡಿ' ಕೂಡ ಇದೆ. ಕೊನೆಯದನ್ನು ಯಾರು ಮಾಡಿದರೋ, ಯಾಕೆ ಮಾಡಿದರೋ ಯಾರಿಗೂ ಗೊತ್ತಿಲ್ಲ. ಹಾಗಾಗಿಯೇ ಯಾರೂ ತೆಗೆದಿಲ್ಲ. ಇಯೋಸ್ ಅನ್ನುವ ಜಾತಿಯ ಕನ್ಸೋಲ್‌ಗಳಲ್ಲಿ ಸೇವ್ ಮಾಡಿದಾಗ ಫೈಲ್ ಹೆಸರಿನ ಬಾಲಕ್ಕೆ ತಾರೀಖು, ಗಂಟೆ ತಾನೇ ಬಂದು ಸೇರಿಕೊಳ್ಳುತ್ತದೆ. ಒಳ್ಳೆಯ ಏರ್ಪಾಡು. ಆದರೆ ತಾರೀಖು ಸರಿ ಇರಬೇಕಾದರೆ ಕನ್ಸೋಲ್‌ನ ಗಡಿಯಾರ ಸರಿ ಇರಬೇಕು ಅಲ್ವಾ? ಒಳಗಿನ ಬೋರ್ಡಿನ ಮೇಲೆ ನಾಣ್ಯದಷ್ಟು ದೊಡ್ಡ ಬ್ಯಾಟರಿ ಇರುತ್ತದೆ. ಅದು ಸತ್ತರೆ, ಕರೆಂಟ್ ತೆಗೆದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಒಂದು ರಂಗಮಂದಿರದ ಹಳೇ ಕನ್ಸೋಲ್ ಇದೇ ಜಾತಿಯದು. ನಾವು ಆಗ ತಾನೇ ಸೇವ್ ಮಾಡಿದ ಫೈಲ್, ಪಟ್ಟಿಯ ತೀರಾ ತಳದಲ್ಲಿ, ನಾಟಕಕಾರರು ಆ ನಾಟಕ ಬರೆಯುವುದಕ್ಕೂ ಮುಂಚಿನ ತಾರೀಖಿನಲ್ಲಿ ಸಿಕ್ಕಿತು.

ಇನ್ನು ಟ್ರ್ಯಾಕಿಂಗ್. ಕನ್ಸೋಲ್‌ಗೆ ಒಂದು ದೀಪವನ್ನು ಕೆಂಪು ಮಾಡು ಅಂದರೆ, ಮತ್ತೆ ಬೇರೆ ಮಾತು ಹೇಳುವ ತನಕ ಅದು ಕೆಂಪಾಗಿಯೇ ಇರುತ್ತದೆ. ನನ್ನ ಕೇಳಿದರೆ ಇದು ಬಹಳ ಮರ್ಯಾದಸ್ತ ಬುದ್ಧಿ. ಹೇಳಿದ್ದನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರು ನಾಟಕ ತಂಡದಲ್ಲಿ ಇನ್ನೊಬ್ಬರಿಲ್ಲ. ಆದರೆ ನಿರ್ದೇಶಕರು 12ನೇ ಕ್ಯೂನಲ್ಲಿ "ಅರಮನೆಗೆ ಬೆಂಕಿ ಬಿದ್ದಿದೆ, ಹಿಂದಿನ ದೀಪ ಕೆಂಪು ಮಾಡು" ಅಂದರೆ, 'ಈ ಕ್ಯೂಗೆ ಮಾತ್ರ' ಅನ್ನುವ ಗುಂಡಿ ಒತ್ತದೆ ರೆಕಾರ್ಡ್ ಮಾಡಿದರೆ, ಆ ಬೆಂಕಿ ಆರುವುದಿಲ್ಲ. ಮುಂದೆ ನಾಯಕ ನಾಯಕಿ ತಣ್ಣನೆಯ ಬೆಳದಿಂಗಳನ್ನು ಹೊಗಳುತ್ತಾ ಕೆಂಡದ ಮುಂದೆ ಕೂತಿರುತ್ತಾರೆ. ನಿರ್ದೇಶಕರು ಅದನ್ನೂ ನೋಡಿ "ಚೆನ್ನಾಗಿದೆ, ಇರಲಿ" ಅಂದದ್ದುಂಟು. ಮಾರನೇ ದಿನ ನಾವು ತಿದ್ದಿದಾಗ ಕೇಳಿದರು, "ನಿನ್ನೆ ಆ ಕೆಂಪು ಇತ್ತಲ್ಲ?"

ಪೆನ್‌ಡ್ರೈವ್ ಕಥೆ ಬೇರೆ. ಬ್ಯಾಕಪ್ ಅಂತ ಒಂದನ್ನು ಕನ್ಸೋಲ್ ಪಕ್ಕ ಇಟ್ಟಿರುತ್ತೇವೆ. ಸಂಗೀತದವರು "ಒಂದೇ ನಿಮಿಷ" ಅಂತ ತೆಗೆದುಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ಅದರ ತುಂಬ ಗುಡುಗು, ಕುದುರೆ ಓಟ, ಮಗು ಅಳುವ ಸದ್ದು. ಜಾಗ ಸಾಲದೆ ಫಾರ್ಮ್ಯಾಟ್ ಕೂಡ ಮಾಡಿರುತ್ತಾರೆ. ಅದೂ ಎನ್‌ಟಿಎಫ್‌ಎಸ್‌ನಲ್ಲಿ. ಎಷ್ಟೋ ಕನ್ಸೋಲ್‌ಗಳಿಗೆ ಫ್ಯಾಟ್32 ಅನ್ನುವ ಇನ್ನೊಂದು ಬಗೆಯ ಫಾರ್ಮ್ಯಾಟ್ ಮಾತ್ರ ಗೊತ್ತು. ಚುಚ್ಚಿದರೆ ಕನ್ಸೋಲ್ ಪೆನ್‌ಡ್ರೈವನ್ನು ಗುರುತೇ ಹಿಡಿಯುವುದಿಲ್ಲ. ಫ್ಲಾಪಿ ಕಾಲದ ನಮ್ಮ ಹಿರಿಯರೊಬ್ಬರು ಇದನ್ನು ಕೇಳಿ ನಗುತ್ತಾರೆ. ಅವರ ಕಾಲದಲ್ಲಿ ಇಡೀ ನಾಟಕ 1.44 ಎಂಬಿಯ ಫ್ಲಾಪಿಯಲ್ಲಿ ಆರಾಮವಾಗಿ ಹಿಡಿಸುತ್ತಿತ್ತಂತೆ. ಯಾರೋ ಅದನ್ನು ಹುಷಾರಾಗಿರಲಿ ಅಂತ ದೊಡ್ಡ ಸ್ಪೀಕರ್ ಮೇಲೆ ಇಟ್ಟರಂತೆ. ಸ್ಪೀಕರ್ ಒಳಗಿನ ಅಯಸ್ಕಾಂತ ಇಡೀ ನಾಟಕವನ್ನು ಒರೆಸಿ ಹಾಕಿತಂತೆ.

ಬೇರೆ ಊರಿಗೆ ಹೋದರಂತೂ ದೇವರೇ ಗತಿ. ಹೊಸ ಸಾಫ್ಟ್‌ವೇರ್ ಹಳೇ ಫೈಲನ್ನು ಸಾಮಾನ್ಯವಾಗಿ ತೆರೆಯುತ್ತದೆ. ಹಳೇ ಸಾಫ್ಟ್‌ವೇರ್‌ಗೆ ಹೊಸ ಫೈಲ್ ಕೊಟ್ಟರೆ ಮುಖ ತಿರುಗಿಸುತ್ತದೆ. ಇನ್ನೊಂದು ಕಂಪನಿಯ ಕನ್ಸೋಲ್ ಆದರೆ ಕೇಳುವುದೇ ಬೇಡ. ಎಲ್ಲರಿಗೂ ಅರ್ಥವಾಗಲಿ ಅಂತ ಆಸ್ಕಿ ಎಂಬ ಸಾದಾ ಅಕ್ಷರದ ರೂಪ ಒಂದಿದೆ. ಸಾದಾ ದೀಪ ಎಷ್ಟು ಪ್ರಕಾಶದಲ್ಲಿ ಉರಿಯಬೇಕು ಅನ್ನೋದು ಅದರಲ್ಲಿ ಹೇಗೋ ದಾಟಿಕೊಳ್ಳುತ್ತದೆ. ತಿರುಗುವ, ಬಣ್ಣ ಬದಲಿಸುವ ದೀಪಗಳ ವಿಚಾರ ಬಂದರೆ ಅರ್ಧಕ್ಕರ್ಧ ದಾರಿಯಲ್ಲೇ ಉದುರುತ್ತದೆ. ಸಾಫ್ಟ್‌ವೇರ್ ವರ್ಷನ್ ಯಾವುದು ಅಂತ ಮುಂಚೆಯೇ ಫೋನ್ ಮಾಡಿ ಕೇಳುವುದು ವಾಸಿ. ಸಾಮಾನ್ಯವಾಗಿ ಸಿಗುವ ಉತ್ತರ: "ಕಪ್ಪು ಬಣ್ಣದ್ದು ಸರ್, ದೊಡ್ಡದು."

ಇಷ್ಟೆಲ್ಲ ನೋಡಿಯೂ ತಂಡದವರಿಗೆ ಶೋ ಫೈಲ್ ಮೇಲಿನ ಭಕ್ತಿ ಎಳ್ಳಷ್ಟೂ ಕಮ್ಮಿಯಾಗಿಲ್ಲ. ನಾಟಕ ಮುಗಿದು ಎಷ್ಟೋ ಕಾಲದ ಮೇಲೆ ಒಂದು ಫೋನ್ ಬರುತ್ತದೆ. "ಮತ್ತೆ ಆಡ್ತಿದ್ದೀವಪ್ಪಾ. ಹೊಸ ಜಾಗ. ಫೈಲ್ ಇದೆಯಲ್ಲ, ನಿಂಗೇನು ಕೆಲಸ ಇರುತ್ತೆ, ಸುಮ್ನೆ ಬಂದು ಒತ್ತಿಬಿಡು." ಹೊಸ ಜಾಗದಲ್ಲಿ ದೀಪ ಕಟ್ಟುವ ಕಂಬಿಗಳು ಎಲ್ಲೆಲ್ಲೋ ಇರುತ್ತವೆ, ಎತ್ತರವೂ ಬೇರೆ. ಹಳೇ ಸಂಖ್ಯೆಗಳನ್ನು ನಂಬಿದರೆ ತಿರುಗುವ ದೀಪಗಳೆಲ್ಲ ಸಾಲಾಗಿ ಗೋಡೆ ನೋಡುತ್ತವೆ. ದೀಪದ ದಿಕ್ಕುಗಳನ್ನು ಮೊದಲೇ ಪ್ಯಾಲೆಟ್ ಅನ್ನುವ ಹೆಸರಿಟ್ಟ ಖಾನೆಗಳಲ್ಲಿಟ್ಟು, ಅವುಗಳಿಂದಲೇ ಕ್ಯೂ ಕಟ್ಟಿದ್ದರೆ ಬಚಾವ್. 'ಸಿಂಹಾಸನ' ಅನ್ನುವ ಪ್ಯಾಲೆಟ್ ಒಂದನ್ನು ತಿದ್ದಿದರೆ ಸಿಂಹಾಸನ ಬರುವ ಎಲ್ಲ ಕ್ಯೂಗಳೂ ಸರಿಹೋಗುತ್ತವೆ. ಇಲ್ಲದಿದ್ದರೆ ಒಂದೊಂದೇ ಕ್ಯೂ ತೆರೆದು ತಿದ್ದುತ್ತಾ ಕೂರಬೇಕು.

ಈ ಸಲ ಫೋನ್ ಬಂದಾಗ ಪ್ಯಾಲೆಟ್‌ಗಳು ಇದ್ದವು. ಹುಡುಗ ಖುಷಿಯಿಂದ 'ಸಿಂಹಾಸನ' ತಿದ್ದಿ ನಿರ್ದೇಶಕರಿಗೆ ತೋರಿಸಿದ. ಅವರು ವೇದಿಕೆಯನ್ನೇ ನೋಡುತ್ತಾ ಹೇಳಿದರು, "ಸಿಂಹಾಸನ ಈ ಸಲ ಇಲ್ಲ ಕಣಯ್ಯ. ರಾಜ ನೆಲದ ಮೇಲೆ ಕೂರ್ತಾನೆ."