ಶುಲ್ಕ ಕಟ್ಟುವಾಗ ಸದಸ್ಯೆ, ಸ್ಪರ್ಧೆಯ ದಿನ ಪಟ್ಟಿಯಲ್ಲಿ ಹೆಸರಿಲ್ಲ

ರಾಜ್ಯಮಟ್ಟದ ಫೆನ್ಸಿಂಗ್ ಆಯ್ಕೆ ಸ್ಪರ್ಧೆಗೆಂದು ನಾನೂ ನನ್ನ ಮಗಳೂ ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿದೆವು. ಅವಳು ಆಡುವುದು ಎಪೀ. ಆ ಕತ್ತಿಯ ಉದ್ದ ಒಂದು ಮೀಟರಿಗೂ ಹೆಚ್ಚು, ಹಾಗಾಗಿ ಅದರ ಚೀಲ ಬಸ್ಸಿನಲ್ಲಿ ತಲೆಯ ಮೇಲಿನ ಅಟ್ಟಣಿಗೆಗೂ ಹಿಡಿಸುವುದಿಲ್ಲ, ಸೀಟಿನ ಕೆಳಗೂ ಹಿಡಿಸುವುದಿಲ್ಲ. ರಾತ್ರಿಯಿಡೀ ಅದನ್ನು ನಮ್ಮಿಬ್ಬರ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡೇ ಕುಳಿತಿದ್ದೆವು. ಹಿಂದಿನ ಸಂಜೆ ಅವಳು ಮನೆಯಲ್ಲಿ ಪ್ರತಿಯೊಂದು ಕತ್ತಿಯ ತುದಿಯನ್ನೂ ಬಿಚ್ಚಿ, ಒಳಗಿನ ಸ್ಪ್ರಿಂಗ್ ಒರೆಸಿ, ಅಕ್ಕಿಕಾಳಿಗಿಂತ ಚಿಕ್ಕದಾದ ಆ ಎರಡು ಸ್ಕ್ರೂಗಳನ್ನು ಮತ್ತೆ ಕೂರಿಸಿ, 750 ಗ್ರಾಂ ತೂಕದ ಕಲ್ಲನ್ನು ತುದಿಯ ಮೇಲಿಟ್ಟು, ಸ್ಪ್ರಿಂಗ್ ಅದನ್ನು ಎತ್ತುತ್ತದೆಯೋ ಇಲ್ಲವೋ ಎಂದು ನೋಡಿದ್ದಳು. ಎತ್ತದಿದ್ದರೆ ಆ ಕತ್ತಿಯನ್ನು ಪಿಸ್ಟ್ ಮೇಲೆ, ಅಂದರೆ ಸೆಣಸುವ ಕಣದಲ್ಲಿ, ಒಪ್ಪುವುದಿಲ್ಲ. ಹದಿನಾರು ವರ್ಷದ ಹುಡುಗಿ ನಿಯಮವನ್ನು ಅರ್ಧ ಮಿಲಿಮೀಟರಿನ ಲೆಕ್ಕದಲ್ಲಿ ಪಾಲಿಸಿಕೊಂಡು ಬಂದಿದ್ದಳು.

ನೋಂದಣಿ ಮೇಜಿನ ಮುಂದೆ ಕುಳಿತಿದ್ದವರು ಪಟ್ಟಿಯನ್ನು ಎರಡು ಸಲ ಮೇಲಿಂದ ಕೆಳಗೆ ನೋಡಿ, "ಇವರ ಹೆಸರು ಇಲ್ಲ ಸಾರ್, ನಿಮ್ಮ ಜಿಲ್ಲೆಯಿಂದ ಬಂದಿಲ್ಲ" ಎಂದರು. ನಾನು ಶುಲ್ಕ ಕಟ್ಟಿದ ರಸೀದಿ ತೋರಿಸಿದೆ, ಆನ್‌ಲೈನ್‌ನಲ್ಲಿ ಸಿಕ್ಕ ಸದಸ್ಯತ್ವ ಸಂಖ್ಯೆ ತೋರಿಸಿದೆ, ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದೃಢೀಕರಣ ಪತ್ರ ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ಅವರ ಉತ್ತರ ಬದಲಾಗಲಿಲ್ಲ. ಸದಸ್ಯತ್ವ ಇದ್ದರೆ ಸಾಲದು, ಜಿಲ್ಲಾ ಘಟಕ ಪ್ರವೇಶಪತ್ರವನ್ನು ರಾಜ್ಯ ಘಟಕಕ್ಕೆ ಕಳಿಸಬೇಕು, ಕೊನೆಯ ದಿನ ಮುಗಿದಿದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಜಿಲ್ಲಾ ಘಟಕದವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಕಳಿಸಿದ್ದೇವೆ ಅಂದುಕೊಂಡಿದ್ದೆವು ಎಂಬುದು ಅವರ ಉತ್ತರ. ಮಗಳು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಬಿಳಿ ಜಾಕೆಟ್ ಹಾಕಿಕೊಂಡಾಗಿತ್ತು, ಕತ್ತಿಯನ್ನು ಅಂಕದ ಯಂತ್ರಕ್ಕೆ ಜೋಡಿಸುವ ಬಾಡಿ ವೈರನ್ನು ತೋಳಿನೊಳಗಿಂದ ಎಳೆದುಕೊಂಡಾಗಿತ್ತು. ಅದರ ತುದಿ ಅವಳ ಅಂಗೈಯಲ್ಲಿ ಹಾಗೆಯೇ ನೇತಾಡುತ್ತಿತ್ತು.

ಕೆಲವು ವಾರ ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ. ಕೋಪ ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ, ಆದರೆ ಅದು ಇಳಿಯಲಿಲ್ಲ.

ಈ ಹೊಸ ಸದಸ್ಯತ್ವ ವ್ಯವಸ್ಥೆಯನ್ನು ರಾಷ್ಟ್ರೀಯ ಫೆನ್ಸಿಂಗ್ ಸಂಸ್ಥೆ ನಮ್ಮ ಮುಂದೆ ಇಟ್ಟದ್ದೇ ಸುಧಾರಣೆ ಎಂಬ ಹೆಸರಿನಲ್ಲಿ. ಇನ್ನು ಮುಂದೆ ಪ್ರತಿ ಕ್ರೀಡಾಪಟುವಿಗೂ ಒಂದು ಸಂಖ್ಯೆ, ಎಲ್ಲವೂ ಆನ್‌ಲೈನ್, ಪ್ರತಿ ವರ್ಷ ನವೀಕರಣ ಎಂದರು. ನಾನು ಅದನ್ನು ಮನಸಾರೆ ಸ್ವಾಗತಿಸಿದ್ದೆ. ವಯಸ್ಸಿನ ದಾಖಲೆಗಳನ್ನು ಕಟ್ಟುನಿಟ್ಟಾಗಿ ಕೇಳುವುದಕ್ಕೂ ನನ್ನ ತಕರಾರಿಲ್ಲ. ಹತ್ತೊಂಬತ್ತರವನು ಹದಿನಾರರವನೆಂದು ಹೇಳಿಕೊಂಡು ಆಡುವುದು ನಮ್ಮ ದೇಶದ ಎಲ್ಲ ಕ್ರೀಡೆಗಳನ್ನೂ ಕಾಡಿದ ರೋಗ, ಅದಕ್ಕೆಂದೇ ಕೇಂದ್ರ ಸರ್ಕಾರ 2010ರಲ್ಲಿ ಒಂದು ಸಂಹಿತೆಯನ್ನೇ ತರಬೇಕಾಯಿತು. ಶುಲ್ಕವೂ ನನಗೆ ಭಾರವಲ್ಲ. ನನ್ನ ತಕರಾರು ಇರುವುದು ಒಂದೇ ವಿಷಯಕ್ಕೆ: ಸದಸ್ಯತ್ವ ಎಂಬ ಮಾತಿಗೆ ಇವರು ಯಾವ ಅರ್ಥವನ್ನೂ ಉಳಿಸಿಲ್ಲ.

ನಾನು ಒಂದು ಸಹಕಾರಿ ಸಂಘದ ಸದಸ್ಯ. ವರ್ಷಕ್ಕೊಮ್ಮೆ ನನಗೆ ಮಹಾಸಭೆಯ ನೋಟಿಸು ಬರುತ್ತದೆ, ಲೆಕ್ಕಪತ್ರದ ಪ್ರತಿ ಬರುತ್ತದೆ, ಎದ್ದು ನಿಂತು ಪ್ರಶ್ನೆ ಕೇಳಬಹುದು, ಮತ ಹಾಕಬಹುದು. ನಮ್ಮ ದೇಶದ ಕ್ರೀಡಾ ಒಕ್ಕೂಟಗಳ ರಚನೆ ಹಾಗಿಲ್ಲ. ರಾಷ್ಟ್ರೀಯ ಸಂಸ್ಥೆಯಲ್ಲಿ ಮತ ಇರುವುದು ರಾಜ್ಯ ಘಟಕಗಳಿಗೆ, ರಾಜ್ಯ ಘಟಕದಲ್ಲಿ ಮತ ಇರುವುದು ಜಿಲ್ಲಾ ಘಟಕಗಳಿಗೆ. ಜಿಲ್ಲಾ ಘಟಕದಲ್ಲಿ ಯಾರಿಗೆ ಮತವಿದೆ ಎಂದು ನಾನು ಈ ಆರು ವರ್ಷಗಳಲ್ಲಿ ಮೂರು ಸಲ ಕೇಳಿದ್ದೇನೆ, ಯಾರೂ ಹೇಳಿಲ್ಲ. ಕತ್ತಿ ಹಿಡಿಯುವ ಮಕ್ಕಳಿಗಂತೂ ಇಲ್ಲ, ಅವರ ತಂದೆತಾಯಿಗಳಿಗೂ ಇಲ್ಲ, ಬೆಳಗ್ಗೆ ಐದೂವರೆಗೆ ಬಂದು ಮಕ್ಕಳಿಗೆ ಕಲಿಸುವ ಕೋಚ್‌ಗೂ ಇಲ್ಲ. ಹಾಗಾದರೆ ನಾವು ಹಣ ಕಟ್ಟಿ ಪಡೆದದ್ದು ಸದಸ್ಯತ್ವವಲ್ಲ, ಬರಿಯ ನೋಂದಣಿ. ಅದನ್ನು ನೋಂದಣಿ ಎಂದೇ ಕರೆದಿದ್ದರೆ ನಾನು ಏನನ್ನೂ ನಿರೀಕ್ಷಿಸುತ್ತಿರಲಿಲ್ಲ. ಸದಸ್ಯೆ ಎಂದು ಕರೆದ ಮೇಲೆ ಅವಳ ಹೆಸರು ಯಾರೋ ಒಬ್ಬರ ಮರೆವಿನಿಂದ ಪಟ್ಟಿಯಿಂದ ಬಿದ್ದುಹೋದರೆ ಅದಕ್ಕೆ ಹೊಣೆ ಹೊರುವವರು ಒಬ್ಬರಾದರೂ ಇರಬೇಕಿತ್ತು. ಕಾಗದವನ್ನು ಕಂಪ್ಯೂಟರಿಗೆ ಹಾಕಿದ್ದಾರೆ, ಆದರೆ ಬಾಗಿಲು ಹಳೆಯದೇ, ಅದರ ಕೀಲಿಯೂ ಹಳೆಯ ಕೈಗಳಲ್ಲೇ ಇದೆ.

ಒಂದು ಸ್ಪರ್ಧೆ ತಪ್ಪಿದ್ದಕ್ಕೆ ಇಷ್ಟು ಕೂಗಾಟವೇ ಎಂದು ಕೇಳುವವರಿಗೆ ಈ ಆಟ ನಡೆಯುವ ಬಗೆಯನ್ನು ಹೇಳಬೇಕು. ಫೆನ್ಸಿಂಗ್‌ನಲ್ಲಿ ಮೊದಲ ಸುತ್ತು ಪೂಲ್. ಆರು ಅಥವಾ ಏಳು ಮಂದಿಯ ಗುಂಪಿನಲ್ಲಿ ಪ್ರತಿಯೊಬ್ಬರೂ ಉಳಿದವರೊಂದಿಗೆ ಒಮ್ಮೊಮ್ಮೆ ಸೆಣಸುತ್ತಾರೆ. ಒಂದೊಂದು ಬೌಟ್ ಐದು ಅಂಕಗಳಿಗೆ, ಹೆಚ್ಚೆಂದರೆ ಮೂರು ನಿಮಿಷ. ಆರು ಮಂದಿಯ ಪೂಲ್ ಎಂದರೆ ಐದು ಬೌಟ್, ಅಂದರೆ ಗರಿಷ್ಠ ಹದಿನೈದು ನಿಮಿಷಗಳ ಆಟ. ಅದಾದ ಮೇಲೆ ಹದಿನೈದು ಅಂಕಗಳ ನೇರ ಎಲಿಮಿನೇಷನ್, ಸೋತವರು ಚೀಲ ಕಟ್ಟಬೇಕು. ವರ್ಷವಿಡೀ ಬೆವರು ಸುರಿಸಿ, ರಾತ್ರಿ ನಿದ್ದೆಗೆಟ್ಟು ಬಂದ ಮಗುವಿಗೆ ಆ ದಿನ ಸಿಗುವುದು ಹದಿನೈದು ನಿಮಿಷ ಮತ್ತು ಒಂದೋ ಎರಡೋ ಎಲಿಮಿನೇಷನ್ ಬೌಟ್. ನಮ್ಮಂಥ ಜಿಲ್ಲೆಯ ಮಕ್ಕಳಿಗೆ ಇಂತಹ ದಿನಗಳು ವರ್ಷದಲ್ಲಿ ಎಷ್ಟು ಬರುತ್ತವೆ ಎಂದು ಬೆರಳು ಮಡಿಸಿ ಎಣಿಸಿದರೆ ಒಂದು ಕೈಯ ಬೆರಳುಗಳೇ ಮಿಗುತ್ತವೆ.

ಎಪೀ ಎಂಬುದು ಎದುರಾಳಿಗಳಿಂದಲೇ ಕಲಿಯಬೇಕಾದ ಆಯುಧ. ಫೆನ್ಸಿಂಗ್‌ನ ಉಳಿದೆರಡು ಆಯುಧಗಳಾದ ಫಾಯಿಲ್ ಮತ್ತು ಸೇಬರ್‌ನಲ್ಲಿರುವಂತೆ, ಇಬ್ಬರೂ ತಾಗಿಸಿದಾಗ ದಾಳಿಯ ಹಕ್ಕು ಯಾರದೆಂಬ ರೆಫರಿಯ ತೀರ್ಪು ಇಲ್ಲಿಲ್ಲ. ಅಂಗಾಲಿನಿಂದ ಮುಖವಾಡದವರೆಗೆ ಇಡೀ ದೇಹವೇ ಗುರಿ, ಮೊದಲು ಚುಚ್ಚಿದವರಿಗೆ ಅಂಕ, ಇಬ್ಬರೂ ಒಂದೇ ಕ್ಷಣದಲ್ಲಿ ಚುಚ್ಚಿದರೆ ಇಬ್ಬರಿಗೂ ಅಂಕ. ಎದುರಿನವರ ಮಣಿಕಟ್ಟು ಕೈ ಕಾಯುವ ಗಾರ್ಡಿನ ಹಿಂದಿನಿಂದ ಯಾವಾಗ ಒಂದಿಂಚು ಹೊರಬರುತ್ತದೆ ಎಂದು ಕಾಯುವುದೇ ಅರ್ಧ ಆಟ. ನನ್ನ ಮಗಳು ಅಭ್ಯಾಸ ಮಾಡುವ ಹಾಲ್‌ನಲ್ಲಿ ಎಪೀ ಆಡುವವರು ಒಟ್ಟು ಐದು ಮಂದಿ. ಅವರ ಮಣಿಕಟ್ಟುಗಳು, ಅವರ ಹೆಜ್ಜೆಗಳು, ಅವರು ಉಸಿರೆಳೆದುಕೊಳ್ಳುವ ರೀತಿ ಎಲ್ಲವೂ ಅವಳಿಗೆ ಬಾಯಿಪಾಠವಾಗಿವೆ. ಎಡಗೈಯಲ್ಲಿ ಆಡುವವರು ಅಲ್ಲಿ ಒಬ್ಬರೂ ಇಲ್ಲ. ಹೊಸ ಕೈಗಳು, ಹೊಸ ಎತ್ತರಗಳು, ಹೊಸ ವೇಗಗಳು ಸ್ಪರ್ಧೆಯಲ್ಲಿ ಮಾತ್ರ ಸಿಗುತ್ತವೆ. ಆದ್ದರಿಂದ ಸ್ಪರ್ಧೆ ಎಂದರೆ ಅವಳಿಗೆ ಪರೀಕ್ಷೆಯಷ್ಟೇ ಅಲ್ಲ, ಅದೇ ಪಾಠವೂ ಹೌದು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಅವಳನ್ನು ಹಿಂದೆ ಕಳಿಸಿದ ದಿನ ಆ ವರ್ಷದ ಪಾಠವನ್ನೇ ಕಿತ್ತುಕೊಂಡರು.

ರಾಷ್ಟ್ರಮಟ್ಟಕ್ಕೆ ಹೋಗುವ ದಾರಿಯೂ ಇಷ್ಟೇ ಇಕ್ಕಟ್ಟಿನದು. ತಂಡದಲ್ಲಿ ಮೂವರು, ಮೀಸಲಿಗೆ ಒಬ್ಬರು, ಹೀಗೆ ನಾಲ್ವರು ಎಂಬ ಲೆಕ್ಕ ತಂಡ ಸ್ಪರ್ಧೆಗೆ ಸರಿ. ವೈಯಕ್ತಿಕ ಸ್ಪರ್ಧೆಗೂ ಅದೇ ಲೆಕ್ಕವನ್ನು ಏಕೆ ಅನ್ವಯಿಸಬೇಕು ಎಂಬುದಕ್ಕೆ ನನಗೆ ಈವರೆಗೆ ಯಾರೂ ಕಾರಣ ಹೇಳಿಲ್ಲ. ಒಂದು ರಾಜ್ಯದಲ್ಲಿ ಒಂದು ಆಯುಧಕ್ಕೆ ನಾಲ್ವರೇ ಆಟಗಾರ್ತಿಯರಿದ್ದರೆ ನಾಲ್ವರೂ ಹೋಗುತ್ತಾರೆ. ಪೈಪೋಟಿ ಹೆಚ್ಚಿರುವ ರಾಜ್ಯದಲ್ಲಿ ಐದನೆಯವಳು ಅವರೆಲ್ಲರಿಗಿಂತ ಚೆನ್ನಾಗಿ ಆಡಿದರೂ ಮನೆಯಲ್ಲಿ ಕೂರುತ್ತಾಳೆ. ರಾಷ್ಟ್ರೀಯ ರ‍್ಯಾಂಕಿಂಗ್ ಪಟ್ಟಿಯೊಂದನ್ನು ಇಟ್ಟುಕೊಂಡು, ಅದರಲ್ಲಿ ಇಂತಿಷ್ಟು ಸ್ಥಾನದೊಳಗೆ ಇರುವವರಿಗೆ ರಾಜ್ಯದ ಕೋಟಾ ಹಂಗಿಲ್ಲದೆ ನೇರ ಪ್ರವೇಶ ಕೊಟ್ಟರೆ ಯಾರಿಗೆ ನಷ್ಟ? ನಷ್ಟವಾಗುವುದು ಆಯ್ಕೆ ಮಾಡುವವರ ಅಧಿಕಾರಕ್ಕೆ ಮಾತ್ರ, ಮತ್ತು ಸುಧಾರಣೆ ಪ್ರತಿ ಸಲ ಅಲ್ಲಿಗೇ ಬಂದು ನಿಲ್ಲುತ್ತದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮಗನೂ ಎಪೀ ಆಡುತ್ತಾನೆ. ಅವನ ಸದಸ್ಯತ್ವವನ್ನು ತಮ್ಮನೇ ರಾಷ್ಟ್ರೀಯ ಸಂಸ್ಥೆಯಲ್ಲಿ ನೇರವಾಗಿ ಮಾಡಿಸಿದ, ನಡುವೆ ಯಾರ ಸಹಿಯೂ ಬೇಕಾಗಲಿಲ್ಲ. ಆ ಸದಸ್ಯತ್ವದ ಬಲದಿಂದ ಅವನು ಸುತ್ತಮುತ್ತಲ ಕ್ಲಬ್‌ಗಳು ನಡೆಸುವ ಸ್ಥಳೀಯ ಸ್ಪರ್ಧೆಗಳಿಗೆ ತಾನೇ ಹೆಸರು ಕೊಡುತ್ತಾನೆ. ಅಲ್ಲಿ ಫಲಿತಾಂಶಕ್ಕೆ ತಕ್ಕಂತೆ 'ಇ'ಯಿಂದ 'ಎ'ವರೆಗೆ ಶ್ರೇಣಿ ಕೊಡುತ್ತಾರೆ, ಶ್ರೇಣಿಯೇ ಇಲ್ಲದ ಹೊಸಬನಿಗೂ ಪಿಸ್ಟ್ ಮೇಲೆ ಜಾಗವಿದೆ. ಅಲ್ಲಿ ಖರ್ಚು ವಿಪರೀತ ಎಂದು ತಮ್ಮ ಪ್ರತಿ ಸಲವೂ ನಿಟ್ಟುಸಿರು ಬಿಡುತ್ತಾನೆ, ಅದು ನಿಜವೇ. ಆದರೆ ಆ ಹುಡುಗ ಒಂದು ವರ್ಷದಲ್ಲಿ ಎದುರಿಸಿದಷ್ಟು ಅಪರಿಚಿತ ಎದುರಾಳಿಗಳನ್ನು ನನ್ನ ಮಗಳು ಆರು ವರ್ಷಗಳಲ್ಲಿ ಎದುರಿಸಿಲ್ಲ. ಶಿವಮೊಗ್ಗ, ದಾವಣಗೆರೆ, ಹಾಸನ, ಮೈಸೂರಿನ ಕ್ಲಬ್‌ಗಳು ತಿಂಗಳಿಗೊಮ್ಮೆ ಒಂದು ಶಾಲೆಯ ಸಭಾಂಗಣದಲ್ಲಿ ಎರಡು ಪಿಸ್ಟ್ ಹಾಸಿ ಮುಕ್ತ ಸ್ಪರ್ಧೆ ನಡೆಸುವುದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದೊಂದು ಪಿಸ್ಟ್‌ಗೂ ಹದಿನಾಲ್ಕು ಮೀಟರ್ ಉದ್ದದ ಜಾಗ, ಅಂಕ ತೋರಿಸುವ ಯಂತ್ರ, ತರಬೇತಿ ಪಡೆದ ಒಬ್ಬ ರೆಫರಿ ಇದ್ದರೆ ಸಾಕು. ಬೇಕಾಗಿರುವುದು ಆ ಫಲಿತಾಂಶಗಳನ್ನು ರಾಷ್ಟ್ರೀಯ ಸಂಸ್ಥೆ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳುವ ಒಂದು ಸುತ್ತೋಲೆ.

ಸುತ್ತೋಲೆ ಎಂದಾಗ ಇನ್ನೊಂದು ಸಂಕಟ ನೆನಪಾಗುತ್ತದೆ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ನಮಗೆ ಸ್ಪರ್ಧೆಯ ದಿನಾಂಕ ತಿಳಿಯುವುದು ಹತ್ತು ಹನ್ನೆರಡು ದಿನ ಮೊದಲು, ಅದೂ ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ, ಓರೆಯಾಗಿ ತೆಗೆದ ಫೋಟೋದಿಂದ. ಎರಡು ವರ್ಷದ ಹಿಂದೆ ಅವಳು ರಾಷ್ಟ್ರಮಟ್ಟಕ್ಕೆ ಆಯ್ಕೆಯಾದಾಗ ವೇಟಿಂಗ್ ಲಿಸ್ಟ್ ಟಿಕೆಟಿನಲ್ಲಿ ಎರಡು ರಾತ್ರಿ ಪ್ರಯಾಣ ಮಾಡಿ, ಮೂರು ಮಕ್ಕಳು ಒಂದೇ ಬರ್ತ್‌ನಲ್ಲಿ ಸರದಿಯ ಮೇಲೆ ಮಲಗಿಕೊಂಡು ಹೋಗಿ, ಮರುದಿನ ಬೆಳಗ್ಗೆ ಎಂಟಕ್ಕೆ ಪೂಲ್ ಆಡಿದರು. ಶಾಲೆಯ ಪರೀಕ್ಷೆಗೂ ಸ್ಪರ್ಧೆಗೂ ದಿನಾಂಕ ಡಿಕ್ಕಿ ಹೊಡೆದದ್ದು ಎಷ್ಟು ಸಲವೋ.

ಮಕ್ಕಳ ವಿಷಯದಲ್ಲಾದರೆ ಸಮಯದ ನಿಯಮ ಬಹಳ ಕಟ್ಟುನಿಟ್ಟು. ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಫೆನ್ಸರ್ ಚೆನ್ನೈನ ಭವಾನಿ ದೇವಿ ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆಗೆಂದು ಟರ್ಕಿಗೆ ಹೋದಾಗ, ಮೂರು ನಿಮಿಷ ತಡವಾಗಿದ್ದಕ್ಕೆ ಕಪ್ಪು ಕಾರ್ಡ್ ಪಡೆದು ಹೊರಬಿದ್ದಿದ್ದರು. ಅದೇ ಹುಡುಗಿ, ವಿದ್ಯುತ್ ಕತ್ತಿ ದುಬಾರಿ ಎಂದು ಬಿದಿರು ಕೋಲಿನಲ್ಲಿ ಅಭ್ಯಾಸ ಮಾಡಿ, ತಲಶ್ಶೇರಿಯಲ್ಲಿ ತರಬೇತಿ ಪಡೆದು, 2021ರಲ್ಲಿ ಟೋಕಿಯೋದ ಪಿಸ್ಟ್ ಮೇಲೆ ಮೊದಲ ಪಂದ್ಯವನ್ನು 15-3ರಿಂದ ಗೆದ್ದರು. 2023ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ತಂದರು. ಮಕ್ಕಳು ಆ ನಿಯಮವನ್ನು ಒಪ್ಪಿಕೊಂಡಿದ್ದಾರೆ, ಒಪ್ಪಿಕೊಂಡೇ ಬೆಳೆದಿದ್ದಾರೆ. ಮೂರು ನಿಮಿಷಕ್ಕೆ ಒಂದು ಮಗುವನ್ನು ಹೊರಗಟ್ಟುವ ಆಟದಲ್ಲಿ, ವೇಳಾಪಟ್ಟಿಯನ್ನು ತಿಂಗಳುಗಟ್ಟಲೆ ತಡ ಮಾಡುವ ದೊಡ್ಡವರಿಗೆ ಯಾವ ಕಾರ್ಡೂ ಇಲ್ಲ ಎಂಬುದನ್ನು ನಾನು ಹೇಗೆ ಸಹಿಸಲಿ?

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿದಾಗ ನಾನು ಅದನ್ನು ಆಸೆಯಿಂದ ಓದಿದೆ. ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಹದಿನೈದಕ್ಕಿಂತ ಹೆಚ್ಚು ಮಂದಿ ಇರಕೂಡದು, ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕು, ಹೆಸರು ಮಾಡಿದ ಕ್ರೀಡಾಪಟುಗಳಿರಬೇಕು, ಕ್ರೀಡಾಪಟುಗಳ ಸಮಿತಿ ಬೇಕು, ವಿವಾದಗಳಿಗೆ ನ್ಯಾಯಮಂಡಳಿ ಬೇಕು ಎಂದೆಲ್ಲ ಅದು ಹೇಳುತ್ತದೆ. ಒಳ್ಳೆಯದೇ. ಆದರೆ ಪ್ರವೇಶಪತ್ರ ಕಳಿಸಲು ಮರೆತರು ಎಂದು ಶಿವಮೊಗ್ಗದ ಒಬ್ಬ ಹುಡುಗಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಲಾರಳು. ಅವಳಿಗೆ ಬೇಕಾಗಿರುವುದು ಅವಳ ಸದಸ್ಯತ್ವ ಸಂಖ್ಯೆಯನ್ನು ತಾನೇ ಹಾಕಿ ಸ್ಪರ್ಧೆಗೆ ಹೆಸರು ಕೊಡಬಹುದಾದ ವ್ಯವಸ್ಥೆ, ಹೆಸರು ಸೇರಿದೆ ಎಂದು ಅದೇ ದಿನ ಬರುವ ಒಂದು ಸಂದೇಶ, ತಪ್ಪಾಗಿದ್ದರೆ ಸ್ಪರ್ಧೆಯ ಬೆಳಗ್ಗೆಯೂ ಸರಿಪಡಿಸಬಲ್ಲ ಅಧಿಕಾರವಿರುವ ಒಬ್ಬ ಮನುಷ್ಯ. ಆ ಬೆಳಗ್ಗೆ ಒಂದು ಪೂಲ್‌ನಲ್ಲಿ ಒಬ್ಬಳು ಬಾರದೆ ಐವರೇ ಉಳಿದಿದ್ದರು, ನಾನು ಕಣ್ಣಾರೆ ನೋಡಿದೆ. ಆರನೆಯವಳಾಗಿ ಇವಳನ್ನು ಸೇರಿಸಿಕೊಂಡಿದ್ದರೆ ಯಾರ ಹಕ್ಕೂ ಹೋಗುತ್ತಿರಲಿಲ್ಲ. ಅದನ್ನು ಹೇಳಿದಾಗ ಮೇಜಿನವರು ನನ್ನ ಮುಖ ನೋಡದೆ, ಕಾಗದ ಸರಿಸುತ್ತ, "ನಿಯಮ ಸಾರ್" ಎಂದರು.

ಅವಳು ಅಳಲಿಲ್ಲ. ಗ್ಯಾಲರಿಯಲ್ಲಿ ಕುಳಿತು ಸಂಜೆಯವರೆಗೂ ಎಲ್ಲ ಬೌಟ್‌ಗಳನ್ನೂ ನೋಡಿದಳು. ಎಡಗೈಯ ಒಬ್ಬ ಹುಡುಗಿ ಆಡುವುದನ್ನು ತನ್ನ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬರೆದುಕೊಂಡಳು. ಬಸ್ಸಿನಲ್ಲಿ ಮರಳುವಾಗ "ಅಪ್ಪ, ಮುಂದಿನ ಸಲ ನೀವೇ ಜಿಲ್ಲೆಯವರ ಹತ್ತಿರ ಕೂತು ಕಳಿಸಿ ಬನ್ನಿ" ಎಂದಳು. ಅಷ್ಟೇ.

ನಾನು ಅಲ್ಲಿಂದ ಬಂದ ಮೇಲೆ ಮೂರು ಕಡೆಗೂ ಪತ್ರ ಬರೆದೆ. ಜಿಲ್ಲೆಯಿಂದ ಉತ್ತರವಿಲ್ಲ. ರಾಜ್ಯದಿಂದ ಜಿಲ್ಲೆಯನ್ನು ಸಂಪರ್ಕಿಸಿ ಎಂದು ಬಂತು. ರಾಷ್ಟ್ರೀಯ ಸಂಸ್ಥೆಯಿಂದ ನಿನ್ನೆ ಬಂದ ಎರಡು ಸಾಲಿನ ಮೇಲ್‌ನಲ್ಲಿ, ನಿಮ್ಮ ಸಲಹೆಗಳನ್ನು ಮುಂದಿನ ವರ್ಷದ ಸುಧಾರಣೆಗಳಲ್ಲಿ ಪರಿಗಣಿಸಲಾಗುವುದು, ಈ ಮಧ್ಯೆ ಸದಸ್ಯತ್ವವನ್ನು ಕೊನೆಯ ದಿನಾಂಕದೊಳಗೆ ನವೀಕರಿಸಿಕೊಳ್ಳಿ ಎಂದಿದೆ. ಅವಳು ಈಗ ಆಡುವ ಕೆಡೆಟ್, ಅಂದರೆ ಹದಿನೇಳರೊಳಗಿನವರ, ವಿಭಾಗದ ವಯಸ್ಸನ್ನು ಹುಟ್ಟಿದ ವರ್ಷದ ಮೇಲೆ ಲೆಕ್ಕ ಹಾಕುತ್ತಾರೆ. ಮುಂದಿನ ವರ್ಷ ನನ್ನ ಮಗಳು ಕೆಡೆಟ್ ಆಗಿರುವುದಿಲ್ಲ.