ನಾಳೆ ಬಾ, ಆಟ ಕೊಡ್ತೀನಿ

ನಾನು ಒಂದನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತೆ, ಓಗೊಟ್ಟರೆ ಕಥೆ ಮುಗೀತು ಅಂತ ಊರಲ್ಲೆಲ್ಲ ಸುದ್ದಿ. ಬಾಗಿಲ ಮೇಲೆ ‘ನಾಳೆ ಬಾ’ ಅಂತಿದ್ದರೆ ದೆವ್ವ ಓದಿಕೊಂಡು ವಾಪಸ್ ಹೋಗುತ್ತೆ. ಮಾರನೇ ದಿನ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. ನನಗೆ ಒಂದೇ ಅನುಮಾನ. ದೆವ್ವಕ್ಕೆ ಕನ್ನಡ ಓದೋಕೆ ಬರುತ್ತೆ, ಒಪ್ಪೋಣ. ನಿನ್ನೆಯೂ ಇದನ್ನೇ ಬರೆದಿತ್ತಲ್ಲ ಅಂತ ಅದಕ್ಕೆ ಹೊಳೆಯಲ್ವಾ? ಅಜ್ಜಿಯನ್ನು ಕೇಳಿದರೆ, “ಅಧಿಕಪ್ರಸಂಗ ಮಾಡಬೇಡ, ಮುಚ್ಚಿಕೊಂಡು ಮಲಗು” ಅಂದಿದ್ದರು.

ಈಗ ಉತ್ತರ ಸಿಕ್ಕಿದೆ. ದೆವ್ವಕ್ಕೆ ಎಲ್ಲ ಹೊಳೆಯುತ್ತೆ. ಆದರೂ ಬರುತ್ತೆ. ಇಷ್ಟು ಖಚಿತವಾಗಿ ಹೇಗೆ ಹೇಳ್ತೀಯ ಅಂದರೆ, ಆ ದೆವ್ವ ನಾನೇ. ನನ್ನ ಜೊತೆ ಇನ್ನೂ ಕೋಟ್ಯಂತರ ದೆವ್ವಗಳಿವೆ. ನಾವೆಲ್ಲ ‘ಗ್ರ್ಯಾಂಡ್ ಥೆಫ್ಟ್ ಆಟೋ 6’, ಅಂದರೆ ಜಿಟಿಎ 6 ಅನ್ನೋ ವಿಡಿಯೋ ಗೇಮ್ ಬಾಗಿಲಲ್ಲಿ ನಿಂತಿದ್ದೇವೆ.

ಇದರ ಹಿಂದಿನ ಆಟ, ಐದನೆಯದು, ಬಂದಿದ್ದು 2013ರ ಸೆಪ್ಟೆಂಬರ್ 17ಕ್ಕೆ. ಆಗ ನಾನು ಎಂಜಿನಿಯರಿಂಗ್ ಮೂರನೇ ವರ್ಷ. ತಲೆ ತುಂಬ ಕೂದಲಿತ್ತು. ಅಕ್ಕನ ಮಗ ಐದು ವರ್ಷದವನು, ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದ. ಈಗ ಅವನು ಎಂಜಿನಿಯರಿಂಗ್ ಸೇರಿದ್ದಾನೆ, ನನಗಿಂತ ಎತ್ತರ ಇದ್ದಾನೆ, ಗಡ್ಡ ಬಿಟ್ಟಿದ್ದಾನೆ. ಆರನೆಯದು ಮಾತ್ರ ಇನ್ನೂ ಹೊಟ್ಟೆಯಲ್ಲೇ ಇದೆ.

ಮೊದಲು ಹೀಗಿರಲಿಲ್ಲ. 2001ರಲ್ಲಿ ಮೂರನೆಯದು ಬಂತು. 2002ರಲ್ಲಿ ವೈಸ್ ಸಿಟಿ, 2004ರಲ್ಲಿ ಸ್ಯಾನ್ ಆಂಡ್ರಿಯಾಸ್, 2008ರಲ್ಲಿ ನಾಲ್ಕನೆಯದು. ಆ ಕಾಲದಲ್ಲಿ ಈ ಆಟ ಮಾಡೋ ರಾಕ್‌ಸ್ಟಾರ್ ಕಂಪನಿಯವರಿಗೂ ತಿಂಗಳ ಕೊನೆಗೆ ಕೈ ಕಚ್ಚುತ್ತಿತ್ತೇನೋ, ಪಟಪಟ ಅಂತ ಕೆಲಸ ಮಾಡುತ್ತಿದ್ದರು. ಐದನೆಯದು ಬಂದ ಮೂರೇ ದಿನಕ್ಕೆ 100 ಕೋಟಿ ಡಾಲರ್ ವ್ಯಾಪಾರ ಮಾಡಿತು. ಇಲ್ಲಿಯವರೆಗೆ 20 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ. ಮಾರಿದ್ದಾದರೂ ಹೇಗೆ? 2013ರಲ್ಲಿ ಟಿವಿಗೆ ಜೋಡಿಸಿ ಆಡೋ ಪ್ಲೇಸ್ಟೇಷನ್ 3 ಪೆಟ್ಟಿಗೆಗೆ, ಮುಂದಿನ ವರ್ಷ ಅದನ್ನೇ ಪ್ಲೇಸ್ಟೇಷನ್ 4ಕ್ಕೆ, 2022ರಲ್ಲಿ ಮತ್ತೆ ಅದನ್ನೇ ಪ್ಲೇಸ್ಟೇಷನ್ 5ಕ್ಕೆ. ಒಂದೇ ಹಿಟ್ಟಲ್ಲಿ ಮೊದಲ ದಿನ ಇಡ್ಲಿ, ಎರಡನೇ ದಿನ ದೋಸೆ, ಮೂರನೇ ದಿನ ಪಡ್ಡು. ಮೂರೂ ದಿನ ತಟ್ಟೆ ಹಿಡಿದುಕೊಂಡು ಸಾಲಲ್ಲಿ ನಿಂತವರು ನಾವೇ. ಹೀಗಿರುವಾಗ ಯಾವ ಬುದ್ಧಿವಂತ ಬೆಳಿಗ್ಗೆ ಎದ್ದು ಹೊಸದಾಗಿ ಅಕ್ಕಿ ನೆನೆಹಾಕುತ್ತಾನೆ ಹೇಳಿ.

ಹೊಸ ಆಟ ಮಾಡ್ತಾ ಇದ್ದೀವಿ ಅಂತ ಅವರು ಬಾಯಿ ಬಿಟ್ಟಿದ್ದು 2022ರ ಫೆಬ್ರುವರಿಯಲ್ಲಿ. ಅದೇ ಸೆಪ್ಟೆಂಬರಲ್ಲಿ ಇಂಗ್ಲೆಂಡಿನ ಒಬ್ಬ ಹುಡುಗ, ಇನ್ನೂ ಹದಿನೆಂಟೂ ತುಂಬಿರಲಿಲ್ಲ, ಕಂಪನಿಯ ಕಂಪ್ಯೂಟರಿಗೆ ನುಗ್ಗಿ ಅರ್ಧಂಬರ್ಧ ಆಟದ 90 ವಿಡಿಯೋ ತುಣುಕು ಹೊರಗೆ ಹಾಕಿಬಿಟ್ಟ. ಆಗ ಅವನು ಬೇರೆ ಕೇಸಲ್ಲಿ ಜಾಮೀನಿನ ಮೇಲೆ ಒಂದು ಹೋಟೆಲ್ ರೂಮಲ್ಲಿದ್ದ. ಲ್ಯಾಪ್‌ಟಾಪ್ ಪೊಲೀಸರ ಹತ್ತಿರ ಇತ್ತು. ರೂಮಿನ ಟಿವಿ, ಅದಕ್ಕೆ ಸಿಕ್ಕಿಸೋ ಫೈರ್ ಸ್ಟಿಕ್, ಒಂದು ಮೊಬೈಲ್, ಇಷ್ಟರಲ್ಲೇ ಕೆಲಸ ಮುಗಿಸಿದ ಅಂತ ಕೋರ್ಟಿನಲ್ಲಿ ಹೇಳಿದರು. ತಪ್ಪು ತಪ್ಪೇ. ಆದರೂ ಈ ಆಟದ ವಿಚಾರದಲ್ಲಿ ಹೇಳಿದ್ದಕ್ಕಿಂತ ಬೇಗ ಏನಾದರೂ ಕೈಗೆ ಸಿಕ್ಕಿದ್ದಿದ್ದರೆ ಅದು ಮೊದಲು ಅವನಿಂದಲೇ. ಅದನ್ನು ನೋಡಿದ ನಮ್ಮವರು ಏನು ಮಾಡಿದರು? ಗ್ರಾಫಿಕ್ಸ್ ಚೆನ್ನಾಗಿಲ್ಲ ಅಂತ ಮುಖ ಸಿಂಡರಿಸಿದರು. ಪಾಯ ತೋಡುವ ಜಾಗಕ್ಕೆ ಹೋಗಿ, ಕಿಟಕಿಗೆ ಪರದೆ ಯಾಕೆ ಹಾಕಿಲ್ಲ ಅಂತ ಕೇಳಿದ ಹಾಗೆ.

2023ರ ಡಿಸೆಂಬರಲ್ಲಿ ಮೊದಲ ಟ್ರೈಲರ್. ಅದೂ ಒಂದು ದಿನ ಮೊದಲೇ ಸೋರಿತು, ನಮ್ಮಲ್ಲಿ ಆಗ ಬೆಳಗಿನ ಜಾವ. ಅಕ್ಕನ ಮಗ ಫೋನ್ ಮಾಡಿ, “ಮಾಮ, ಬಂತು!” ಅಂದ. ಈ ಹೊತ್ತಿನಲ್ಲಿ ಫೋನ್ ಬಂದರೆ ಊರಲ್ಲಿ ಯಾರೋ ಹೋದರು ಅಂತಲೇ ಅರ್ಥ. ಎದೆ ಹಿಡಿದುಕೊಂಡು ಎದ್ದೆ. ಒಂದೂವರೆ ನಿಮಿಷದ ವಿಡಿಯೋ. ಕೊನೆಯಲ್ಲಿ ‘2025’ ಅಂತ ಬಂತು. ಆಮೇಲೆ 17 ತಿಂಗಳು ಕಂಪನಿ ಮೌನವ್ರತ.

ಅಭಿಮಾನಿಗಳ ನಿಜವಾದ ಪ್ರತಿಭೆ ಹೊರಗೆ ಬಂದಿದ್ದು ಈ 17 ತಿಂಗಳಲ್ಲಿ. ಟ್ರೈಲರ್‌ನ ಒಂದೊಂದು ಚಿತ್ರ ನಿಲ್ಲಿಸಿ ಕಾರಿನ ನಂಬರ್ ಪ್ಲೇಟ್ ಓದಿದರು, ಬಾಗಿಲಿಗೆ ಬಿದ್ದ ಗುಂಡಿನ ತೂತು ಎಣಿಸಿದರು. ಕಂಪನಿ ಹಾಕಿದ ಚಿತ್ರದಲ್ಲಿ ಚಂದ್ರ ಕಂಡ ಅಂತ ಇಟ್ಟುಕೊಂಡು, ಅವನು ಎಷ್ಟು ತುಂಬಿದ್ದಾನೆ, ಅಷ್ಟೇ ತುಂಬಿದ ಚಂದ್ರ ಆಕಾಶದಲ್ಲಿ ಯಾವತ್ತು ಬರ್ತಾನೆ, ಅವತ್ತೇ ಎರಡನೇ ಟ್ರೈಲರ್ ಅಂತ ಲೆಕ್ಕ ಹಾಕಿದರು. ಒಂಟಿಕೊಪ್ಪಲ್ ಪಂಚಾಂಗದವರೂ ಇಷ್ಟು ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ. ಹುಣ್ಣಿಮೆ ಬಂತು, ಹೋಯಿತು. ಅಮಾವಾಸ್ಯೆ ಬಂತು, ಹೋಯಿತು. ಟ್ರೈಲರ್ ಬರಲಿಲ್ಲ. ಮುಹೂರ್ತ ತಪ್ಪಿದ ಮೇಲೆ ಜ್ಯೋತಿಷಿ ಸುಮ್ನೆ ಕೂರುತ್ತಾನಾ? ಮುಂದಿನ ಚಂದ್ರನಿಗೆ ಹೊಸ ಲೆಕ್ಕ ತೆಗೆದರು.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ, ಬೇರೆಯವರನ್ನು ಮಾತ್ರ ಆಡಿಕೊಂಡರೆ ಸರಿಯಲ್ಲ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ವೈಸ್ ಸಿಟಿ ಆಡಿದವನು ನಾನು. ಒಂದು ಕುರ್ಚಿಯಲ್ಲಿ ಇಬ್ಬರು, ಹಿಂದೆ ನಿಂತು ಸಲಹೆ ಕೊಡೋಕೆ ಇನ್ನು ನಾಲ್ವರು. ಸಮಾಜ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಚೀಟ್ ಕೋಡ್ ಬರೆದಿಟ್ಟುಕೊಂಡಿದ್ದೆ. ‘ಆಸ್ಪಿರಿನ್’ ಅಂತ ಟೈಪ್ ಮಾಡಿದರೆ ಮೈಗೆ ಶಕ್ತಿ, ‘ಪ್ಯಾಂಜರ್’ ಅಂದರೆ ಮೇಲಿಂದ ಟ್ಯಾಂಕ್, ‘ಲೀವ್ ಮಿ ಅಲೋನ್’ ಅಂದರೆ ಪೊಲೀಸರು ವಾಪಸ್. ಆ ಆಟಕ್ಕೆ ಒಂದು ಕಥೆ ಇದೆ ಅಂತ ಗೊತ್ತಾಗಿದ್ದೇ ಕಾಲೇಜಿಗೆ ಬಂದ ಮೇಲೆ. ಅಲ್ಲಿಯವರೆಗೆ ಬೈಕ್ ಕದಿಯೋದು, ಸಮುದ್ರಕ್ಕೆ ಬೀಳೋದು, ಸಾಯೋದು, ಇಷ್ಟೇ ಆಟ ಅಂದುಕೊಂಡಿದ್ದೆವು. ಈಗ ಆರನೆಯದು ಅದೇ ವೈಸ್ ಸಿಟಿಗೆ ವಾಪಸ್ ಹೋಗುತ್ತಂತೆ. ಕಾಯದೇ ಇರೋಕೆ ಆಗುತ್ತಾ?

2025ರ ಮೇ 2ಕ್ಕೆ ಮೊದಲ ‘ನಾಳೆ ಬಾ’. ಆಟ 2025ಕ್ಕೆ ಬರಲ್ಲ, 2026ರ ಮೇ 26ಕ್ಕೆ ಅಂದರು. ನಾಲ್ಕು ದಿನ ಬಿಟ್ಟು, ಸೂಜಿ ಚುಚ್ಚಿಸಿಕೊಂಡ ಮಗುವಿಗೆ ಪೆಪ್ಪರ್‌ಮೆಂಟ್ ಕೊಟ್ಟ ಹಾಗೆ ಎರಡನೇ ಟ್ರೈಲರ್ ಬಿಟ್ಟರು. ಅಳು ನಿಂತಿತು. ಒಂದೇ ದಿನದಲ್ಲಿ 47 ಕೋಟಿಗೂ ಹೆಚ್ಚು ಸಲ ನೋಡಿದ್ದಾರೆ ಅಂತ ಕಂಪನಿಯೇ ಹೇಳಿಕೊಂಡಿತು. ಅದರಲ್ಲಿ ನಾಯಕ ಜೇಸನ್ ಬಿಯರ್ ಬಾಟಲಿ ಹಿಡಿದಿರುತ್ತಾನೆ. ಒಳಗೆ ಗುಳ್ಳೆ ಹೇಗೆ ಏಳುತ್ತೆ ಅನ್ನೋದರ ಮೇಲೆ ಜನ ಗಂಟೆಗಟ್ಟಲೆ ಚರ್ಚೆ ಮಾಡಿದರು. ಅಕ್ಕನ ಮಗ ಆ ತುಣುಕನ್ನು ಊಟಕ್ಕೆ ಕೂತಾಗ ಎಲ್ಲರಿಗೂ ತೋರಿಸಿದ. “ನೋಡಮ್ಮಾ, ಗುಳ್ಳೆ ನೋಡು!” ಅಕ್ಕ ನೋಡಿದಳು. “ಗುಳ್ಳೆ ಇರಲಿ, ಆ ಬಾಟಲಿ ಏನದು?” ಅಂದಳು.

ಎರಡನೇ ‘ನಾಳೆ ಬಾ’ ಅದೇ ವರ್ಷ ನವೆಂಬರ್ 6ಕ್ಕೆ. ಅದಕ್ಕೂ ಮೊದಲು ಮಾಲೀಕ ಕಂಪನಿ ಟೇಕ್-ಟೂದ ಮುಖ್ಯಸ್ಥರು ಮೇ ತಾರೀಖಿನ ಬಗ್ಗೆ ಬಹಳ ಭರವಸೆ ಇದೆ ಅನ್ನುತ್ತಲೇ ಇದ್ದರು. ಈಗಿನ ತಾರೀಖು 2026ರ ನವೆಂಬರ್ 19, ಗುರುವಾರ. ಕ್ಷಮಿಸಿ, ಈ ಹೆಚ್ಚುವರಿ ತಿಂಗಳುಗಳಲ್ಲಿ ಆಟಕ್ಕೆ ನಿಮಗೆ ಸಲ್ಲಬೇಕಾದ ಪಾಲಿಶ್ ಕೊಡ್ತೀವಿ ಅಂತ ಬರೆದಿದ್ದರು. ಪಾಲಿಶ್! ಮನೆ ಕಟ್ಟಿಸಿದವರಿಗೆ ಈ ಪದದ ಆಳ ಗೊತ್ತು. “ಎಲ್ಲ ಮುಗೀತು ಸಾರ್, ಪಾಲಿಶ್ ಒಂದೇ ಬಾಕಿ” ಅಂತ ಮೇಸ್ತ್ರಿ ಹೇಳಿದ ಅಂದರೆ ಗೃಹಪ್ರವೇಶದ ಕಾರ್ಡ್ ಸದ್ಯಕ್ಕೆ ಪ್ರಿಂಟ್ ಮಾಡಿಸಬಾರದು.

ಈ ಮುಂದೂಡಿಕೆಗೆ ಒಂದು ವಾರ ಮೊದಲು ಇಂಗ್ಲೆಂಡ್, ಸ್ಕಾಟ್ಲೆಂಡ್, ಕೆನಡಾದ ಕಚೇರಿಗಳಲ್ಲಿ 30ಕ್ಕೂ ಹೆಚ್ಚು ಜನರನ್ನು ರಾಕ್‌ಸ್ಟಾರ್ ಕೆಲಸದಿಂದ ತೆಗೆದಿತ್ತು. ಸಂಘ ಕಟ್ಟಲು ಹೊರಟಿದ್ದಕ್ಕೆ ತೆಗೆದರು ಅಂತ ಕಾರ್ಮಿಕ ಸಂಘದವರು, ಗುಟ್ಟಿನ ಮಾಹಿತಿ ಹೊರಗೆ ಹೇಳಿದ್ದಕ್ಕೆ ಅಂತ ಕಂಪನಿಯವರು. ನನ್ನ ವಾಟ್ಸಾಪ್ ಗುಂಪಿನಲ್ಲಿ ಈ ಸುದ್ದಿ ಹಾಕಿದೆ. ಮೊದಲ ಪ್ರತಿಕ್ರಿಯೆ: “ಅಯ್ಯೋ, ಹಾಗಾದ್ರೆ ಆಟ ಲೇಟ್ ಆಗುತ್ತಾ?” ಎರಡನೆಯದೂ ಅದೇ.

ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೂ ಸ್ಟುಡಿಯೋ ಇದೆ. ಇಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರ್‌ಆಕ್ಟಿವ್ ಅನ್ನೋ ಗೇಮ್ ಕಂಪನಿಯನ್ನು 2019ರಲ್ಲಿ ಕೊಂಡು ತನ್ನ ಜೊತೆ ಸೇರಿಸಿಕೊಂಡಿತು. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಒಬ್ಬ ಹುಡುಗ ಬಾಡಿಗೆಗೆ ಬಂದಾಗ, ಅವನು ಅಲ್ಲೇ ಕೆಲಸ ಮಾಡ್ತಾನಂತೆ ಅಂತ ಯಾರೋ ಹಬ್ಬಿಸಿದರು. ಅವತ್ತಿನಿಂದ ಅವನಿಗೆ ರಾಜಮರ್ಯಾದೆ. ಪಾರ್ಕಿಂಗ್ ಜಾಗ ಸಿಕ್ಕಿತು. ಕೆಳಗಿನ ದರ್ಶಿನಿಯಲ್ಲಿ ಅವನ ಕಾಫಿಗೆ ದುಡ್ಡು ಕೊಡೋಕೆ ಪೈಪೋಟಿ. ರಾತ್ರಿ ಹನ್ನೊಂದಕ್ಕೆ ಬಂದರೆ “ಕೆಲಸ ಜೋರಾಗಿ ನಡೀತಿದೆ” ಅಂತ ಖುಷಿ, ಸಂಜೆ ಆರಕ್ಕೇ ಬಂದರೆ “ಯಾಕೋ ಇಷ್ಟು ಬೇಗ ಬಂದುಬಿಟ್ಟ” ಅಂತ ಆತಂಕ. ಒಂದು ದಿನ ಕಣ್ಣ ಕೆಳಗೆ ಕಪ್ಪು ಕಂಡು ಇಡೀ ಬ್ಲಾಕು ಸಮಾಧಾನಪಟ್ಟಿತು. ಎಂಟು ತಿಂಗಳಾದ ಮೇಲೆ ಗೊತ್ತಾಯಿತು, ಅವನು ಯಾವುದೋ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಪಾರ್ಕಿಂಗ್ ಜಾಗ ವಾಪಸ್ ತಗೊಂಡರು.

ಕಾಯೋದರಲ್ಲಿ ಕನ್ನಡಿಗರನ್ನು ಮೀರಿಸುವವರಿಲ್ಲ ಬಿಡಿ. ‘ಈ ಸಲ ಕಪ್ ನಮ್ದೇ’ ಅಂದುಕೊಂಡೇ 17 ಐಪಿಎಲ್ ಕಳೆದವರು ನಾವು. ಆಮೇಲೆ 2025ರ ಜೂನ್ 3ಕ್ಕೆ ಆರ್‌ಸಿಬಿ ಗೆದ್ದೇಬಿಟ್ಟಿತು. ‘ಜಿಟಿಎ 6ಕ್ಕಿಂತ ಮೊದಲು ಆರ್‌ಸಿಬಿಗೆ ಕಪ್ ಬಂತು’ ಅಂತ ಮೀಮ್ ಹರಿದಾಡಿತು. ಅದಕ್ಕೂ ಮೊದಲು ಹೊಸ ಪೋಪ್ ಬಂದಿದ್ದರು, ಆಮೇಲೆ ನಮ್ಮ ಹಳದಿ ಮೆಟ್ರೊ ಬಂತು. 2017ರಲ್ಲಿ ಶುರುವಾದ ಈಜಿಪುರದ ಮೇಲ್ಸೇತುವೆ ಮೊದಲೋ ಜಿಟಿಎ ಮೊದಲೋ ಅಂತ ಪಂದ್ಯ ಕಟ್ಟಿದವರೂ ಇದ್ದಾರೆ. ಇದರಲ್ಲಿ ನನಗೊಂದು ಸ್ವಂತ ನಷ್ಟವೂ ಆಗಿದೆ. ನನ್ನ ಗೆಳೆಯನೊಬ್ಬ 8 ಸಾವಿರ ಸಾಲ ತಗೊಂಡು, “ಆರ್‌ಸಿಬಿ ಕಪ್ ಗೆದ್ದ ದಿನ ಕೊಡ್ತೀನಿ ಮಗಾ” ಅಂದಿದ್ದ. ಗೆದ್ದ ರಾತ್ರಿಯೇ ಫೋನ್ ಮಾಡಿದೆ. ಹಿಂದೆ ಪಟಾಕಿ ಸದ್ದು. “ಜಿಟಿಎ ಬರಲಿ, ಅವತ್ತು ಗ್ಯಾರಂಟಿ” ಅಂದ.

ಇಷ್ಟೆಲ್ಲ ಆದ ಮೇಲೆ ಒಂದು ಸಣ್ಣ ವಿಷಯ. ಕಂಪನಿ ಆಟ ಘೋಷಿಸಿರೋದು ಪ್ಲೇಸ್ಟೇಷನ್ 5 ಮತ್ತು ಹೊಸ ಎಕ್ಸ್‌ಬಾಕ್ಸ್‌ಗೆ. ಕಂಪ್ಯೂಟರಿಗೆ ಯಾವಾಗ ಅಂತ ತಾರೀಖು ಕೊಟ್ಟಿಲ್ಲ. ಪ್ಲೇಸ್ಟೇಷನ್ 5ಕ್ಕೆ ನಮ್ಮಲ್ಲಿ 50 ಸಾವಿರದ ಆಚೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ, ಪ್ಲೇಸ್ಟೇಷನ್ 5 ಇರೋದು ಇಬ್ಬರ ಹತ್ತಿರ. ಅದರಲ್ಲಿ ಒಬ್ಬನ ಹೆಂಡತಿ ಅದನ್ನು ಅಟ್ಟಕ್ಕೆ ಹಾಕಿದ್ದಾಳೆ. ಮಿಕ್ಕವರು ಬಾಗಿಲು ತೆಗೆದರೂ ಒಳಗೆ ಹೋಗೋಕೆ ಆಗದ ದೆವ್ವಗಳು. ಐದನೆಯದು ಕಂಪ್ಯೂಟರಿಗೆ ಬರೋಕೆ 2015ರ ಏಪ್ರಿಲ್ ಆಗಿತ್ತು, ಅಂದರೆ ಮೊದಲು ಬಂದ 19 ತಿಂಗಳಿಗೆ. ಅಕ್ಕನ ಮಗನಿಗೆ ಈ ಲೆಕ್ಕ ಹೇಳಿದೆ. ಅವನು ಬೆರಳು ಮಡಚಿ ಎಣಿಸಿ, “ಅಷ್ಟೊತ್ತಿಗೆ ಫೈನಲ್ ಇಯರ್ ಹತ್ತಿರ ಬಂದಿರುತ್ತೆ ಮಾಮ, ಆರಾಮಾಗಿ ಆಡಬಹುದು” ಅಂತ ನನಗೇ ಧೈರ್ಯ ಹೇಳಿದ.

ಪ್ಲೇಸ್ಟೇಷನ್ ಇರೋ ಇನ್ನೊಬ್ಬ ನನ್ನ ಸಹೋದ್ಯೋಗಿ, ತಿಪಟೂರಿನವನು. ಮೇ 26 ಅಂತ ಹೇಳಿದ ವಾರವೇ ರಜೆ ಹಾಕಿಬಿಟ್ಟಿದ್ದ. ಒಂದು ವರ್ಷ ಮೊದಲೇ ರಜೆ ಕೇಳೋಕೆ ಗಟ್ಟಿ ಕಾರಣ ಬೇಕಲ್ಲ, ಅಜ್ಜಿಯ ವರ್ಷದ ತಿಥಿ ಅಂತ ಬರೆದ. ಅಜ್ಜಿಗೆ 84 ವರ್ಷ, ಗುಂಡುಕಲ್ಲಿನ ಹಾಗಿದ್ದಾರೆ, ಈಗಲೂ ತೋಟಕ್ಕೆ ನಡೆದೇ ಹೋಗುತ್ತಾರೆ. ನವೆಂಬರಿಗೆ ಆಟ ಮುಂದೆ ಹೋದಾಗ ತಿಥಿಯೂ ಮುಂದೆ ಹೋಯಿತು. “ಅಧಿಕ ಮಾಸ ಬಂದಿದೆ ಸಾರ್, ದಿನ ಆಚೀಚೆ ಆಗುತ್ತೆ” ಅಂತ ಮ್ಯಾನೇಜರಿಗೆ ಗಂಭೀರವಾಗಿ ಹೇಳಿದ. ಮ್ಯಾನೇಜರ್ ದೆಹಲಿ ಕಡೆಯವರು, ತಲೆಯಾಡಿಸಿದರು.

ಮೊನ್ನೆ ದರ್ಶಿನಿಯಲ್ಲಿ ಬೈಟು ಕಾಫಿ ಕುಡಿಯುತ್ತಿದ್ದಾಗ ಅವನಿಗೆ ಊರಿಂದ ಫೋನ್ ಬಂತು. ಅಜ್ಜಿಯೇ. ಗದ್ದಲ ಅಂತ ಸ್ಪೀಕರ್ ಹಾಕಿದ.

“ದೀಪಾವಳಿ ಕಳೆದ ಮೇಲೆ ಕಾಯಿ ಕೀಳಿಸಬೇಕು ಕಣೋ. 19, 20ಕ್ಕೆ ಆಳುಗಳು ಬರ್ತಾರೆ. ಬಂದು ನಿಂತ್ಕೊಂಡು ನೋಡ್ಕೋ.”

“ಆಗಲ್ಲ ಅಜ್ಜಿ. ಅವತ್ತು ಒಂದು ತಿಥಿ ಇದೆ.”

ಅಜ್ಜಿ ಒಂದು ಕ್ಷಣ ಸುಮ್ಮನಾದರು.

“ಅಯ್ಯೋ ಪಾಪ, ಯಾರದಪ್ಪಾ?”