730 ಹೆಜ್ಜೆಗಳ ದಾರಿ

ಸೇಂಟ್ ಪೀಟರ್ಸ್‌ಬರ್ಗಿನ ಸೆನ್ನಾಯಾ ಚೌಕದ ಮೆಟ್ರೊದಿಂದ ಹೊರಬಂದ ಪ್ರವಾಸಿಗರೆಲ್ಲ ಅರಮನೆಗಳ ಕಡೆ ಹೊರಟಾಗ, ಒಂದಿಬ್ಬರು ಮಾತ್ರ ನೆಲ ನೋಡಿಕೊಂಡು, ತುಟಿ ಅಲ್ಲಾಡಿಸುತ್ತ ಹಿಂಬದಿಯ ಓಣಿಗಳಿಗೆ ನುಗ್ಗುವುದು ಕಂಡರೆ ಗಾಬರಿಯಾಗಬೇಕಿಲ್ಲ. ಅವರು ಹೆಜ್ಜೆ ಎಣಿಸುತ್ತಿದ್ದಾರೆ. ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಕಥಾನಾಯಕ ರಸ್ಕೋಲ್ನಿಕೋವನ ಮನೆಯ ಗೇಟಿನಿಂದ, ಅವನು ಕೊಲ್ಲುವ ಗಿರವಿ ಹಿಡಿಯುವ ಮುದುಕಿಯ ಮನೆಗೆ ಸರಿಯಾಗಿ 730 ಹೆಜ್ಜೆ. ಕೊಲೆಗೆ ಹೊರಡುವವನೊಬ್ಬ ಮೊದಲೇ ಎಣಿಸಿಟ್ಟುಕೊಂಡ ಲೆಕ್ಕವನ್ನು ಮರ್ಯಾದಸ್ಥ ಓದುಗರು ಕಾಲಿನಲ್ಲಿ ತಾಳೆ ನೋಡುತ್ತಾರೆ. ಓದಿನ ಚಟಗಳಲ್ಲಿ ಇದು ನಿರುಪದ್ರವಿ. ಷೂ ಮಾತ್ರ ಸವೆಯುತ್ತದೆ.

1866ರಲ್ಲಿ ಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಈ ಕಾದಂಬರಿ ಅಳತೆಗಳನ್ನು ಕೈಬಿಚ್ಚಿ ಕೊಡುತ್ತದೆ, ಹೆಸರುಗಳನ್ನು ಮಾತ್ರ ನುಂಗಿಕೊಳ್ಳುತ್ತದೆ. ಮೊದಲ ವಾಕ್ಯದಲ್ಲೇ ಯುವಕ ‘ಸ— ಓಣಿ’ಯ ಗೂಡಿನಿಂದ ಇಳಿದು ‘ಕ—ನ್ ಸೇತುವೆ’ಯತ್ತ ಹೊರಡುತ್ತಾನೆ. ಓಣಿ ಸ್ತೊಲ್ಯಾರ್ನಿ, ಸೇತುವೆ ಕೊಕುಶ್ಕಿನ್ ಎಂದು ಇಂದು ಧೈರ್ಯವಾಗಿ ಹೇಳಬಹುದು. ಲೇಖಕನ ಹೆಂಡತಿ ಅನ್ನಾ ತನ್ನ ಪ್ರತಿಯ ಅಂಚುಗಳಲ್ಲಿ ಇಂಥ ಗುರುತುಗಳನ್ನು ಬರೆದಿಟ್ಟ ಪುಣ್ಯ. ಹುಡುಕಾಟ ಸುಲಭವಾಗಲು ಇನ್ನೊಂದು ಕಾರಣವೂ ಇದೆ. ಬರೆದವನೇ ಅಲ್ಲಿ ಬಾಡಿಗೆಗಿದ್ದ. ಕಜ್ನಾಚೆಯ್‌ಸ್ಕಾಯಾ ಬೀದಿಯ ಒಂದು, ಏಳು ಮತ್ತು ಒಂಬತ್ತನೇ ನಂಬರಿನ ಮೂರು ಮನೆಗಳಲ್ಲಿ ಬೇರೆ ಬೇರೆ ವರ್ಷ ವಾಸ ಮಾಡಿದವನು. ಏಳನೆಯದು ಸ್ತೊಲ್ಯಾರ್ನಿ ಓಣಿಯ ಮೂಲೆಯ ಮನೆ. 1864ರಿಂದ 1867ರವರೆಗೆ ಅಲ್ಲಿ ಕೂತು, ಪಕ್ಕದ ಅಡ್ಡಬೀದಿಯಲ್ಲೇ ತನ್ನ ಕೊಲೆಗಾರನಿಗೂ ಒಂದು ಕೋಣೆ ಕೊಡಿಸಿದ. ದೂರದ ಊರನ್ನು ಕಲ್ಪಿಸಿಕೊಳ್ಳುವ ತೊಂದರೆಯನ್ನೇ ತೆಗೆದುಕೊಂಡಿಲ್ಲ.

ಹೋಗುವವರು ಮೊದಲು ತಿಳಿಯಬೇಕಾದದ್ದು ಬೀದಿಗಳಿಗೆ ಮರುನಾಮಕರಣವಾಗಿದೆ ಎಂಬುದು. ಪುಸ್ತಕದ ಕಾಲದ ಯೆಕತೆರೀನಾ ಕಾಲುವೆ ಈಗ ಗ್ರಿಬೊಯೆದೋವ್ ಕಾಲುವೆ. ಮಾಲಾಯಾ ಮೆಶ್ಚಾನ್‌ಸ್ಕಾಯಾ ಎಂದರೆ ಇಂದಿನ ಕಜ್ನಾಚೆಯ್‌ಸ್ಕಾಯಾ, ಸ್ರೆದ್ನ್ಯಾಯಾ ಮೆಶ್ಚಾನ್‌ಸ್ಕಾಯಾ ಎಂದರೆ ಗ್ರಜ್ದಾನ್‌ಸ್ಕಾಯಾ. ಸ್ತೊಲ್ಯಾರ್ನಿ ಓಣಿ ಸೋವಿಯತ್ ಕಾಲದಲ್ಲಿ ಕೆಲವು ದಶಕ ಪ್ರಜೆವಾಲ್‌ಸ್ಕಿ ಬೀದಿಯಾಗಿ, ಮತ್ತೆ ಹಳೆಯ ಹೆಸರಿಗೆ ಮರಳಿತು. ಹಳೆಯ ಮಾರ್ಗದರ್ಶಿ ಪುಸ್ತಕವನ್ನು ಕಡಿಮೆ ಬೆಲೆಗೆ ಕೊಂಡವರು ಇಲ್ಲದ ಬೀದಿಯನ್ನು ಹುಡುಕುತ್ತ ಅದೇ ಬೀದಿಯಲ್ಲಿ ನಿಂತಿರುತ್ತಾರೆ. ಇನ್ನೊಂದು ಎಡವಟ್ಟು ಮ್ಯೂಸಿಯಮ್ಮಿನದು. ದಾಸ್ತೊಯೆವ್‌ಸ್ಕಿ ಮ್ಯೂಸಿಯಂ ಇರುವುದು ಕುಜ್ನೆಚ್ನಿ ಓಣಿಯಲ್ಲಿ, ‘ದಾಸ್ತೊಯೆವ್‌ಸ್ಕಾಯಾ’ ಮೆಟ್ರೊ ಹತ್ತಿರ. ಅದು 1881ರಲ್ಲಿ ಅವನು ತೀರಿಕೊಂಡ ಮನೆ. ‘ಕರಮಜೋವ್ ಸಹೋದರರು’ ಕಾದಂಬರಿ ಹುಟ್ಟಿದ್ದು ಅಲ್ಲಿ. ಅಲ್ಲಿಳಿದು ಮುದುಕಿಯ ಮನೆ ಕೇಳಿದರೆ ಊರಿನ ಇನ್ನೊಂದು ಭಾಗದತ್ತ ಕೈ ತೋರಿಸುತ್ತಾರೆ.

ಸರಿಯಾದ ನಿಲ್ದಾಣ ಸೆನ್ನಾಯಾ. ಪಾಪ ಒಪ್ಪಿಕೊಳ್ಳುವ ಮೊದಲು ರಸ್ಕೋಲ್ನಿಕೋವ್ ಮಂಡಿಯೂರಿ ನೆಲಕ್ಕೆ ಮುತ್ತಿಟ್ಟ ಚೌಕ ಇದು. ಆಗ ಇಲ್ಲಿದ್ದ ದೊಡ್ಡ ಚರ್ಚನ್ನು 1961ರಲ್ಲಿ ಕೆಡವಿದರು, ಆ ಜಾಗದಲ್ಲಿ ಮೆಟ್ರೊ ಬಾಗಿಲು ಎದ್ದಿತು. ಹುಲ್ಲು, ಸೌದೆ ಮಾರುತ್ತಿದ್ದ ಸಂತೆಯ ಸುಳಿವಿಲ್ಲ, ಸುತ್ತ ಶಾಪಿಂಗ್ ಮಾಲ್. ಕಾದಂಬರಿಯ ಸೆನ್ನಾಯಾ ಇಲ್ಲಿ ಕಾಣುವುದಿಲ್ಲ, ಒತ್ತಾಯ ಮಾಡುವುದೂ ಬೇಡ. ಕೊಕುಶ್ಕಿನ್ ಸೇತುವೆ ದಾಟಿದ ಮೇಲೆಯೇ ಊರು ಪುಸ್ತಕದ ಮಾತು ಕೇಳತೊಡಗುವುದು: ಇಕ್ಕಟ್ಟು ಓಣಿ, ಐದಂತಸ್ತಿನ ಮಾಸಿದ ಹಳದಿ ಗೋಡೆ, ಒಂದು ಚೂರು ಆಕಾಶ. 1865ರ ಪತ್ರಿಕೆಯೊಂದರ ಲೆಕ್ಕದಲ್ಲಿ ಈ ಓಣಿಯಲ್ಲಿ ಮನೆಗಳು 16, ಹೆಂಡದಂಗಡಿಗಳು 18. ಕಾದಂಬರಿಯಲ್ಲಿ ಅಷ್ಟೊಂದು ಕುಡುಕರು ಯಾಕೆ ಎಂದು ವಿಮರ್ಶಕರನ್ನು ಕೇಳುವ ಅಗತ್ಯವೇ ಇಲ್ಲ.

ಗ್ರಜ್ದಾನ್‌ಸ್ಕಾಯಾ 19ರ ಮೂಲೆಯಲ್ಲಿ ದಾಸ್ತೊಯೆವ್‌ಸ್ಕಿಯ ಉಬ್ಬುಶಿಲ್ಪ, ‘ರಸ್ಕೋಲ್ನಿಕೋವನ ಮನೆ’ ಎಂಬ ಫಲಕ. ಎಂದೂ ಹುಟ್ಟದ ಬಾಡಿಗೆದಾರನಿಗೆ ವಿಳಾಸ ಖಾಯಂ ಮಾಡಿಕೊಟ್ಟ ನಗರಗಳು ಹೆಚ್ಚಿಲ್ಲ. ಸೂರಿನಡಿಯ ಗೂಡಿನಿಂದ ಅವನು ಬೆಕ್ಕಿನಂತೆ ಇಳಿದ 13 ಮೆಟ್ಟಿಲು ನೋಡಬೇಕೆಂಬ ಆಸೆ ಸಹಜ. ಆದರೆ ಇಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಓದುಗರು ಮೆಟ್ಟಿಲೇರಿ ಗೋಡೆ ತುಂಬ ಗೀಚಿ, ಈಗ ಗೇಟಿಗೆ ಕೋಡ್ ಇರುವ ಬೀಗ. ನಿವಾಸಿಗಳ ಬೆನ್ನ ಹಿಂದೆ ಒಳನುಸುಳುವುದು ಅಸಭ್ಯತನ. ಅದೂ ಕೊಡಲಿ ಕದ್ದವನ ಮನೆಗೆ ಬಂದವರಿಗೆ ಶೋಭಿಸುವುದಿಲ್ಲ.

ಇನ್ನು ಎಣಿಕೆ. ಶುರು ಮಾಡಬೇಕಾದದ್ದು ಶಿಲ್ಪದಿಂದಲ್ಲ, ಗೇಟಿನಿಂದ. ಪುಸ್ತಕ ಹಾಗೆಯೇ ಹೇಳುತ್ತದೆ. ಮೊದಲೇ ನಿಮ್ಮ ಹೆಜ್ಜೆಯ ಉದ್ದ ತಿಳಿದಿರಲಿ: ಸಹಜವಾಗಿ 20 ಹೆಜ್ಜೆ ನಡೆದು, ದೂರ ಅಳೆದು, 20ರಿಂದ ಭಾಗಿಸಿ. ಮುಕ್ಕಾಲು ಮೀಟರಿನ ಹೆಜ್ಜೆಯಾದರೆ 730ಕ್ಕೆ ಆಗುವುದು ಸುಮಾರು 548 ಮೀಟರ್. ಗುರಿ, ಮುದುಕಿಯ ಮನೆಯೆಂದು ತೋರಿಸುವ ಗ್ರಿಬೊಯೆದೋವ್ ಕಾಲುವೆಯ 104ನೇ ಮನೆ. ಅಲ್ಲಿಗೆ ದಾರಿ ಅದಕ್ಕಿಂತ ಉದ್ದ. ಕಾಲುವೆ ಇಲ್ಲಿ ಅಂಕುಡೊಂಕಾಗಿ ತಿರುಗುವುದರಿಂದ ದಂಡೆ ಹಿಡಿದು ಹೋದವರಿಗೆ ಲೆಕ್ಕ ಇನ್ನೂ ಕೈಮೀರುತ್ತದೆ. ನೇರ ಬೀದಿ ಹಿಡಿದು, ಬೀಸುಗಾಲು ಹಾಕಿ, ಸಿಗ್ನಲ್ಲಿನಲ್ಲಿ ನಿಂತಾಗ ಕಾಲು ಕುಣಿಸದೆ ಹೋದರೂ 730 ದಾಟುವವರೇ ಹೆಚ್ಚು. ಮೊಬೈಲಿನ ಹೆಜ್ಜೆ ಎಣಿಕೆಯನ್ನು ನಂಬಬೇಡಿ, ಫೋಟೊ ತೆಗೆಯಲು ಕೈ ಎತ್ತಿದ್ದನ್ನೂ ಅದು ನಡಿಗೆ ಎಂದುಕೊಳ್ಳಬಹುದು. ರಸ್ಕೋಲ್ನಿಕೋವ್ ಸರಾಸರಿಗಿಂತ ಎತ್ತರದ ಆಳು ಎಂದು ಸಮಜಾಯಿಷಿ ಕೊಡುವವರಿದ್ದಾರೆ. ಮನೆಯೇ ಬೇರೆ ಇರಬೇಕು ಎನ್ನುವವರೂ ಇದ್ದಾರೆ. ಲೇಖಕ ಅಂಕಿಯನ್ನು ಸುಮ್ಮನೆ ಹಾಕಿರಬಹುದು ಎಂದರೆ ಮಾತ್ರ ಇಬ್ಬರಿಗೂ ಸಿಟ್ಟು ಬರುತ್ತದೆ. ನನಗೆ ಆ ಮೂರನೆಯದೇ ಹೆಚ್ಚು ನಂಬಿಕೆ: ಕೋಣೆಯಲ್ಲಿ ಬಿದ್ದುಕೊಂಡು ಲೆಕ್ಕ ಹಾಕುವ ಜ್ವರದ ತಲೆಗೆ 730 ಎಂಬ ಖಚಿತತೆ ಒಪ್ಪುತ್ತದೆ, ‘ಸುಮಾರು ಸಾವಿರ’ ಒಪ್ಪುವುದಿಲ್ಲ. ಅಂದಹಾಗೆ, ಕೊಲೆಯ ದಿನ ಅವನು ಈ ನೇರ ದಾರಿಯಲ್ಲಿ ಹೋಗಲೇ ಇಲ್ಲ. ಸುತ್ತು ಹಾಕಿ, ಯುಸುಪೋವ್ ಉದ್ಯಾನದ ಪಕ್ಕ ಹಾದು, ಅಲ್ಲಿ ಕಾರಂಜಿಗಳನ್ನು ಕಟ್ಟಿಸಿದರೆ ಎಷ್ಟು ಚೆಂದ ಎಂದು ಯೋಚಿಸಿಕೊಂಡು ಹೋದ.

104ನೇ ಮನೆ ವರ್ಣನೆಗೆ ಚೆನ್ನಾಗಿ ಹೊಂದುತ್ತದೆ. ದೊಡ್ಡ ಕಟ್ಟಡ, ಒಂದು ಮುಖ ಕಾಲುವೆಗೆ, ಇನ್ನೊಂದು ಸ್ರೆದ್ನ್ಯಾಯಾ ಪೊದ್ಯಾಚೆಸ್ಕಾಯಾ ಬೀದಿಗೆ. ಇಲ್ಲೂ ಬೀಗವಿದೆ. ಹೊರಗೆ ನಿಂತು ಮುದುಕಿಯ ಕಿಟಕಿಯನ್ನು ಅಂದಾಜು ಮಾಡುವವರು ಒಂದು ವಿಷಯ ನೆನಪಿಡಬೇಕು. ರಷ್ಯನ್ನರು ನೆಲಮಹಡಿಯನ್ನೇ ಒಂದು ಎಂದು ಎಣಿಸುತ್ತಾರೆ. ಪುಸ್ತಕದ ನಾಲ್ಕನೇ ಅಂತಸ್ತು ಎಂದರೆ ನಮ್ಮ ಲೆಕ್ಕದಲ್ಲಿ ಮೂರನೇ ಮಹಡಿ. ಅವನು ತಪ್ಪಿಸಿಕೊಳ್ಳುವಾಗ ಅಡಗಿದ, ಬಣ್ಣ ಬಳಿಯುತ್ತಿದ್ದ ಎರಡನೇ ಅಂತಸ್ತಿನ ಮನೆ ಎಂದರೆ ಮೊದಲನೇ ಮಹಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಅಭ್ಯಾಸದಲ್ಲಿ ನೋಡಿದರೆ ಕೊಲೆ ಒಂದು ಮಹಡಿ ಮೇಲೆ ಹೋಗಿಬಿಡುತ್ತದೆ.

ರಸ್ಕೋಲ್ನಿಕೋವ್ ತನ್ನ ಕೊಲೆಯನ್ನು ಹೇಳಿಕೊಳ್ಳುವ ಹುಡುಗಿ ಸೋನ್ಯಾಳ ಮನೆಯ ಬಗ್ಗೆ ಒಮ್ಮತವಿಲ್ಲ. ಹಸಿರು ಬಣ್ಣದ ಹಳೆಯ ಮೂರಂತಸ್ತಿನ ಮನೆ, ಒಂದು ಮೂಲೆ ಚೂಪಾಗಿ ಓಡಿಹೋಗುವ ಸೊಟ್ಟ ಕೋಣೆ ಎಂದು ಪುಸ್ತಕ. ಹೆಚ್ಚಿನವರು ಕಾಲುವೆಯ 73ನೇ ಮನೆ ತೋರಿಸುತ್ತಾರೆ. ಆದರೆ ಕಾಲುವೆ ತಿರುಗುವಲ್ಲೆಲ್ಲ ಮನೆಗಳು ಓರೆಯಾಗಿಯೇ ಕೂತಿವೆ, ಸೊಟ್ಟ ಕೋಣೆಗೆ ಬರವಿಲ್ಲ.

ಕಾಲವೂ ಮುಖ್ಯ. ಕತೆ ಶುರುವಾಗುವುದು ಜುಲೈ ಆರಂಭದ ಸೆಕೆಯಲ್ಲಿ, ಸೂರ್ಯ ರಾತ್ರಿ ಹತ್ತು ದಾಟಿದ ಮೇಲೆ ಮುಳುಗುವ ದಿನಗಳಲ್ಲಿ. ಸಂಜೆ ಏಳಕ್ಕೆ ಹೊರಟರೆ ಕೊಲೆ ಎಂಥ ಹಗಲಿನಲ್ಲಿ ನಡೆಯಿತೆಂದು ಅರ್ಥವಾಗುತ್ತದೆ. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಅದು ಹೆಚ್ಚು ‘ದಾಸ್ತೊಯೆವ್‌ಸ್ಕಿ’ ಅನ್ನಿಸಿದರೂ ಈ ಪುಸ್ತಕದ್ದಲ್ಲ.

ಕೊನೆಗೆ ಕದ್ದ ಮಾಲನ್ನು ಬಚ್ಚಿಟ್ಟ ಕಲ್ಲು. ಎಲ್ಲ ವಿಳಾಸಗಳಲ್ಲಿ ಇದೊಂದಕ್ಕೇ ಲೇಖಕನ ಸ್ವಂತ ಸಾಕ್ಷಿಯಿದೆ. ಮದುವೆಯಾದ ಮೊದಲ ವಾರಗಳಲ್ಲಿ ತಿರುಗಾಡಲು ಹೋದಾಗ ಗಂಡ ತನ್ನನ್ನು ವಜ್ನೆಸೆನ್‌ಸ್ಕಿ ರಸ್ತೆಯ ಒಂದು ಅಂಗಳಕ್ಕೆ ಕರೆದೊಯ್ದು ಆ ಕಲ್ಲನ್ನೇ ತೋರಿಸಿದನೆಂದು ಅನ್ನಾ ಬರೆದಿದ್ದಾಳೆ. ಈ ಪಾಳು ಅಂಗಳಕ್ಕೆ ನೀನು ಬಂದದ್ದಾದರೂ ಯಾಕೆ ಎಂದು ಹೆಂಡತಿ ಕೇಳಿದಳು. ದಾರಿಹೋಕರು ಮರೆಯ ಜಾಗ ಹುಡುಕುವುದು ಯಾವುದಕ್ಕೋ ಅದಕ್ಕೇ ಎಂದ ಗಂಡ. ವಿಶ್ವಸಾಹಿತ್ಯದ ಒಂದು ಪ್ರಸಿದ್ಧ ಅಂಗಳ ಸಿಕ್ಕಿದ್ದು ಹೀಗೆ. ಮಾಕ್ಸಿಮಿಲಿಯಾನೊವ್‌ಸ್ಕಿ ಓಣಿಯಿಂದ ಎರಡನೇ ಮನೆ ಎಂದೂ ಗುರುತು ಕೊಟ್ಟಿದ್ದಾಳೆ. ಆ ಓಣಿಯ ಈಗಿನ ಹೆಸರು ಪಿರೊಗೋವ್. ಅವಳು ಬರೆಯುವ ಹೊತ್ತಿಗೇ ಅಲ್ಲಿ ಭಾರಿ ಕಟ್ಟಡವೊಂದು ಎದ್ದು, ಜರ್ಮನ್ ಪತ್ರಿಕೆಯೊಂದರ ಕಚೇರಿ ಬಂದಿತ್ತು.